ಒಂದು ಕಡಿಮೆ ಇಲ್ಲದ ಸಂಖ್ಯೆ

ಅನಂತದ ಗಣಿತ ನಮ್ಮ ನಾಡಿನಲ್ಲಿ ನಡೆದು ಬಂದ ದಾರಿ ಬರೆಯುವವರು ಬೋರಗಾಂವದ ಆಸುಪಾಸಿನ ಎರಡು ಊರುಗಳನ್ನು ಬಿಡುವಂತಿಲ್ಲ. ಒಂದು ಸದಲಗಾ, ಆದಿನಾಥ ನೇಮಿನಾಥ ಉಪಾಧ್ಯೆಯವರು 1906ರಲ್ಲಿ ಹುಟ್ಟಿದ ಊರು. ಇನ್ನೊಂದು ದೂಧಗಂಗೆ, ವೇದಗಂಗೆ ಕೂಡುವಲ್ಲಿರುವ ಭೋಜ, ಆಚಾರ್ಯ ಶಾಂತಿಸಾಗರರ ಊರು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಉಪಾಧ್ಯೆಯವರು ಹೀರಾಲಾಲ್ ಜೈನರ ಜತೆ ಸೇರಿ ಯತಿವೃಷಭನ ‘ತಿಲೋಯಪಣ್ಣತ್ತಿ’ಯನ್ನು ಸಂಪಾದಿಸಿದರು. ಅದರ ಎರಡು ಭಾಗಗಳು 1943 ಮತ್ತು 1951ರಲ್ಲಿ ಸೊಲ್ಲಾಪುರದಿಂದ ಹೊರಬಂದವು. ಶಾಂತಿಸಾಗರರು ‘ಧವಲಾ’ ಮೊದಲಾದ ಸಿದ್ಧಾಂತ ಗ್ರಂಥಗಳನ್ನು ತಾಮ್ರಪಟಗಳ ಮೇಲೆ ಕೆತ್ತಿಸುವ ಕಾರ್ಯಕ್ಕೆ ಪ್ರೇರಣೆಯಾದರು. ಎಣಿಕೆಗೆ ನಿಲುಕದ ಸಂಖ್ಯೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪ್ರಯತ್ನ ಈ ಎರಡೂ ಗ್ರಂಥಗಳಲ್ಲಿದೆ. ಗಿಯೋರ್ಗ್ ಕ್ಯಾಂಟರ್ ಜರ್ಮನಿಯಲ್ಲಿ 1883ರಲ್ಲಿ ಕಟ್ಟಿದ ಆರ್ಡಿನಲ್ ಸಂಖ್ಯೆಗಳ ಲೆಕ್ಕವನ್ನು ಈ ಮೆಟ್ಟಿಲುಗಳ ಪಕ್ಕದಲ್ಲಿಟ್ಟು ನೋಡಿದರೆ, ಆ ಲೆಕ್ಕದ ಸಾಧನೆಗಳು ಎಲ್ಲಿ ಕಠಿಣವಾಗುತ್ತವೆ, ಏಕೆ ಕಠಿಣವಾಗುತ್ತವೆ ಎಂಬುದು ನಿಚ್ಚಳವಾಗಿ ಕಾಣುತ್ತದೆ.

ವೀರಸೇನರು ‘ಧವಲಾ’ ಟೀಕೆಯನ್ನು ಮುಗಿಸಿದ್ದು 816ರಲ್ಲಿ. ಅದರ ಕನ್ನಡ ಲಿಪಿಯ ತಾಳೆಗರಿಗಳು ಶತಮಾನಗಳ ಕಾಲ ಮೂಡುಬಿದಿರೆಯ ಬಸದಿಯಲ್ಲೇ ಉಳಿದವು. ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. 1942ರ ನಾಲ್ಕನೆಯ ಸಂಪುಟದಲ್ಲಿ ಲಖನೌ ವಿಶ್ವವಿದ್ಯಾಲಯದ ಅವಧೇಶ ನಾರಾಯಣ ಸಿಂಗ್ ಅವರು ಧವಲಾದ ಗಣಿತದ ಮೇಲೆ ಬರೆದ ಲೇಖನ ಬಂತು. ಗಣಿತದವರು ಈ ಗ್ರಂಥದ ಕಡೆ ತಿರುಗಿ ನೋಡಿದ್ದು ಅಲ್ಲಿಂದ.

ಜೈನ ಗಣಿತದಲ್ಲಿ ಸಂಖ್ಯೆಗಳು ಮೂರು ಬಗೆ: ಸಂಖ್ಯಾತ, ಅಸಂಖ್ಯಾತ, ಅನಂತ. ಅಸಂಖ್ಯಾತಕ್ಕೂ ಅನಂತಕ್ಕೂ ಮತ್ತೆ ಮೂರು ಮೂರು ಒಳಬಗೆಗಳು, ಪ್ರತಿಯೊಂದರಲ್ಲೂ ಜಘನ್ಯ (ಕನಿಷ್ಠ), ಮಧ್ಯಮ, ಉತ್ಕೃಷ್ಟ (ಗರಿಷ್ಠ) ಎಂಬ ದರ್ಜೆ. ಅಸಂಖ್ಯಾತ ಎಲ್ಲಿ ಶುರುವಾಗುತ್ತದೆಂದು ತೋರಿಸಲು ಸಾಸಿವೆಯ ಒಂದು ಪ್ರಯೋಗವಿದೆ. ಜಂಬೂದ್ವೀಪದಷ್ಟು, ಅಂದರೆ ಒಂದು ಲಕ್ಷ ಯೋಜನ ಅಗಲದ, ಸಾವಿರ ಯೋಜನ ಆಳದ ಕುಂಡವೊಂದನ್ನು ಸಾಸಿವೆಯಿಂದ ತುಂಬಬೇಕು. ಮುಂದಿನ ದ್ವೀಪಕ್ಕೊಂದು, ಸಮುದ್ರಕ್ಕೊಂದು ಕಾಳು ಹಾಕುತ್ತ ಹೋಗಬೇಕು. ಕೊನೆಯ ಕಾಳು ಬಿದ್ದ ಜಾಗದಷ್ಟು ಅಗಲದ ಹೊಸ ಕುಂಡ ತೋಡಿ ಮತ್ತೆ ತುಂಬಬೇಕು. ಪ್ರತಿ ಸುತ್ತಿಗೂ ಶಲಾಕಾ ಕುಂಡದಲ್ಲಿ ಗುರುತಿಗೊಂದು ಕಾಳು. ಅದು ತುಂಬಿದರೆ ಪ್ರತಿಶಲಾಕಾದಲ್ಲಿ ಒಂದು, ಅದೂ ತುಂಬಿದರೆ ಮಹಾಶಲಾಕಾದಲ್ಲಿ ಒಂದು. ಎಲ್ಲವೂ ತುಂಬಿದಾಗ ಕೊನೆಯ ಕುಂಡದಲ್ಲಿರುವ ಕಾಳುಗಳ ಸಂಖ್ಯೆಯೇ ಜಘನ್ಯ ಪರೀತಾಸಂಖ್ಯಾತ, ಅಂದರೆ ಅಸಂಖ್ಯಾತದ ಮೊದಲ ಒಳಬಗೆಯ ಕನಿಷ್ಠ. ಅದರಲ್ಲಿ ಒಂದು ಕಳೆದರೆ ಉತ್ಕೃಷ್ಟ ಸಂಖ್ಯಾತ.

ಈ ‘ಒಂದು ಕಳೆದರೆ’ ಎಂಬ ಮಾತೇ ನಮ್ಮ ವಿಷಯಕ್ಕೆ ಮುಖ್ಯ. ಏಣಿಯ ಉದ್ದಕ್ಕೂ ಮೇಲಿನ ಬಗೆಯ ಕನಿಷ್ಠಕ್ಕಿಂತ ಒಂದು ಕಡಿಮೆ ಇರುವುದೇ ಕೆಳಗಿನ ಬಗೆಯ ಗರಿಷ್ಠ. ಅಸಂಖ್ಯಾತದಿಂದ ಅನಂತಕ್ಕೆ ದಾಟುವಲ್ಲಿಯೂ ಇದೇ ನಿಯಮ. ಇಂದಿನ ಗಣಿತದ ಕಣ್ಣಿನಲ್ಲಿ ಸಾಸಿವೆಯ ಆ ಸಂಖ್ಯೆ ಎಷ್ಟೇ ದೊಡ್ಡದಾದರೂ ಸಾಂತವೇ. ಎರಡನ್ನು ಮೂರು ಸಲ ವರ್ಗಿತ-ಸಂವರ್ಗಿತ ಮಾಡಿದರೆ, ಅಂದರೆ ಪ್ರತಿ ಸಲವೂ ಬಂದ ಸಂಖ್ಯೆಯನ್ನು ಅದರದೇ ಘಾತಕ್ಕೆ ಏರಿಸಿದರೆ, 4, 256, ಆಮೇಲೆ 256ರ 256ನೇ ಘಾತ ಬರುತ್ತದೆ. ಅದೂ ಸಾಂತವೇ. ಆದರೆ ವೀರಸೇನರ ಬಳಿ ಇನ್ನೊಂದು ವಿಚಾರವೂ ಇತ್ತು. ಆದಾಯವಿಲ್ಲದೆ ಬರೀ ವೆಚ್ಚವಾಗುತ್ತಿದ್ದರೂ ಮುಗಿಯದ ರಾಶಿಯೇ ನಿಜವಾದ ಅನಂತ ಎಂದರು. ಜೀವರಾಶಿಯನ್ನೂ ಕಳೆದ ಕಾಲದ ಸಮಯಗಳನ್ನೂ ಎದುರುಬದುರಾಗಿಟ್ಟು ಒಂದಕ್ಕೊಂದರಂತೆ ತೆಗೆಯುತ್ತ ಹೋದರೆ ಕಾಲ ಮುಗಿದೀತು, ಜೀವಗಳು ಮುಗಿಯವು ಎಂದು ತೋರಿಸಿದರು. ಹೋಲಿಸಲು ಎಣಿಸಲೇಬೇಕಾಗಿಲ್ಲ, ಜೋಡಿಸಿದರೆ ಸಾಕು ಎಂಬ ಈ ತಿಳಿವು ಸಣ್ಣದಲ್ಲ. ಹಾಗೆಂದು ಕ್ಯಾಂಟರ್ ಹೇಳಿದ್ದೆಲ್ಲ ಇಲ್ಲಿ ಮೊದಲೇ ಇತ್ತು ಎನ್ನುವುದು ಸರಿಯಲ್ಲ. ಅಂಥ ಹೊಗಳಿಕೆಯಿಂದ ವೀರಸೇನರಿಗೂ ನ್ಯಾಯ ಸಿಗುವುದಿಲ್ಲ. ಅವರು ಕೇಳಿದ್ದು ‘ಎಷ್ಟು’ ಎಂದು. ಕ್ಯಾಂಟರ್ ಅದರ ಜತೆಗೆ ‘ಎಷ್ಟನೆಯದು’ ಎಂದೂ ಕೇಳಿದ; ಆ ಸ್ಥಾನ ಹೇಳುವ ಸಂಖ್ಯೆಯೇ ಆರ್ಡಿನಲ್.

0, 1, 2 ಎಂದು ಹೋಗುವ ಸಾಲೆಲ್ಲ ಆದ ಮೇಲೆ ಬರುವ ಮೊದಲ ಸ್ಥಾನಕ್ಕೆ ಅವನು ಒಮೇಗಾ ಎಂದು ಹೆಸರಿಟ್ಟ. ಒಮೇಗಾದಲ್ಲಿ ಒಂದು ಕಳೆದರೆ ಏನು? ಅದಕ್ಕೆ ಒಡನೆ ಹಿಂದಿನದು ಎಂಬುದೇ ಇಲ್ಲ. ಇಂಥವುಗಳಿಗೆ ಸೀಮಾ ಆರ್ಡಿನಲ್ ಎನ್ನೋಣ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಯ ಕಾಟಾದ ಮುಂದೆ ಟ್ರ್ಯಾಕ್ಟರುಗಳ ಸಾಲು ಕೊನೆಯಿಲ್ಲದೆ ನಿಂತಿದೆ ಎಂದುಕೊಳ್ಳಿ. ಹೊಸದೊಂದು ಟ್ರ್ಯಾಕ್ಟರ್ ಸಾಲಿನ ಮುಂದೆ ಬಂದು ನಿಂತರೆ ಎಲ್ಲರ ಪಾಳಿಯೂ ಒಂದೊಂದು ಹಿಂದೆ ಸರಿಯುತ್ತದೆ, ಸಾಲಿನ ಆಕಾರ ಮಾತ್ರ ಬದಲಾಗದು: 1 + ಒಮೇಗಾ = ಒಮೇಗಾ. ಅದೇ ಟ್ರ್ಯಾಕ್ಟರ್ ಇಡೀ ಸಾಲಿನ ಹಿಂದೆ ನಿಂತರೆ ಅದರ ಮುಂದೆ ಕೊನೆಯಿಲ್ಲದಷ್ಟು ಟ್ರ್ಯಾಕ್ಟರುಗಳು. ಅದು ಒಮೇಗಾ + 1, ಬೇರೆಯೇ ಆಕಾರ. ಕೂಡುವುದರಲ್ಲಿ ಪರಿವರ್ತನೀಯ ನಿಯಮ ಮುರಿದುಬಿತ್ತು. ಗುಣಾಕಾರದ ಬರಹವನ್ನು ಕ್ಯಾಂಟರನೇ ಮಧ್ಯದಲ್ಲಿ ತಿರುಗಿಸಿದ. 1883ರಲ್ಲಿ ಗುಣಕವನ್ನು ಎಡಕ್ಕೆ ಬರೆಯುತ್ತಿದ್ದವನು 1895ರ ಹೊತ್ತಿಗೆ ಬಲಕ್ಕೆ ಇಟ್ಟ. ಇಂದು ಒಮೇಗಾ × 2 ಎಂದರೆ ಒಮೇಗಾ + ಒಮೇಗಾ, 2 × ಒಮೇಗಾ ಎಂದರೆ ಬರೀ ಒಮೇಗಾ. ಹಳೆಯ ಪ್ರಬಂಧ ಓದುವಾಗ ಇದು ನೆನಪಿರಬೇಕು.

ಮುರಿದದ್ದು ಯಾವುದು, ಉಳಿದದ್ದು ಯಾವುದು ಎಂಬುದನ್ನು ಊಹೆಗೆ ಬಿಡದೆ ಸಾಧಿಸುವುದೇ ಮುಂದಿನ ನಲವತ್ತು ವರ್ಷಗಳ ಕೆಲಸ. ಹೆಸೆನ್‌ಬರ್ಗ್ 1906ರಲ್ಲಿ, ಯಾಕೊಬ್‌ಸ್ಟಾಲ್ 1909ರಲ್ಲಿ, ಹೌಸ್‌ಡಾರ್ಫ್ 1914ರ ಗ್ರಂಥದಲ್ಲಿ ಇದನ್ನು ಮುಂದುವರಿಸಿದರು. ಹೆಸೆನ್‌ಬರ್ಗ್ ಪರಿವರ್ತನೀಯವಾಗಿಯೇ ಉಳಿಯುವ ಬೇರೊಂದು ‘ಸಹಜ ಮೊತ್ತ’ವನ್ನೂ ಕಂಡುಕೊಂಡ. 1923ರಲ್ಲಿ ಫಾನ್ ನಾಯ್‌ಮನ್ ಪ್ರತಿ ಆರ್ಡಿನಲ್ಲೂ ತನಗಿಂತ ಚಿಕ್ಕವುಗಳ ಗಣವೇ ಎಂದು ವ್ಯಾಖ್ಯೆ ಕೊಟ್ಟ. ಆ ಅರ್ಥದಲ್ಲಿ ಒಮೇಗಾ + ಒಮೇಗಾ ಇದೆ ಎನ್ನಲು ಜೆರ್ಮೆಲೋ 1908ರಲ್ಲಿ ಕೊಟ್ಟ ಸೂತ್ರಗಳು ಸಾಲದಾದವು. 1922ರಲ್ಲಿ ಫ್ರೆಂಕೆಲ್ ಮತ್ತು ಸ್ಕೋಲೆಮ್ ಮುಂದಿಟ್ಟ ಆದೇಶ ಸೂತ್ರ ಬೇಕಾಯಿತು.

ಕೂಡುವುದರ ವ್ಯಾಖ್ಯೆಗೆ ಮೂರು ಸಾಲು ಸಾಕು. ಅ + 0 = ಅ. ಅ + (ಬ + 1) = (ಅ + ಬ) + 1. ಬ ಸೀಮಾ ಆರ್ಡಿನಲ್ ಆದರೆ, ಬ-ಗಿಂತ ಚಿಕ್ಕದಾದ ಎಲ್ಲ ದ-ಗಳಿಗೂ ಅ + ದ ಬರೆದು, ಅವೆಲ್ಲವುಗಳ ಕನಿಷ್ಠ ಮೇಲ್ಮಿತಿಯೇ ಅ + ಬ. ಈಗ ಸಹವರ್ತನೀಯ ನಿಯಮ ಸಾಧಿಸಬೇಕು: (ಅ + ಬ) + ಕ = ಅ + (ಬ + ಕ). ಅನುಗಮನವನ್ನು ಕ ಮೇಲೆ ನಡೆಸುವುದು. ಕ ಸೊನ್ನೆಯಾದರೆ ಹೇಳಬೇಕಾದ್ದೇ ಇಲ್ಲ. ಕ-ದಿಂದ ಕ + 1ಕ್ಕೆ ಹೋಗುವುದೂ ಎರಡನೆಯ ಸಾಲಿನಿಂದ ಸಲೀಸು. ಕ ಸೀಮೆಯಾದಾಗ ವಿದ್ಯಾರ್ಥಿಗಳು ಎಡವುತ್ತಾರೆ, ಕೆಲವು ಪುಸ್ತಕಗಳೂ ಈ ಹಂತವನ್ನು ‘ಸ್ಪಷ್ಟ’ ಎಂದು ಬರೆದು ದಾಟುತ್ತವೆ. ಅನುಗಮನದ ಊಹೆ ಹಚ್ಚಿದರೆ ಎಡಭಾಗ ಅ + (ಬ + ದ) ಎಂಬವುಗಳ ಮೇಲ್ಮಿತಿ, ಇಲ್ಲಿ ದ ಎಲ್ಲವೂ ಕ-ಗಿಂತ ಚಿಕ್ಕವು. ಬಲಭಾಗ ಬ + ಕ-ಗಿಂತ ಚಿಕ್ಕದಾದ ಪ್ರತಿಯೊಂದು ಮ-ಗೂ ಅ + ಮ ತೆಗೆದುಕೊಂಡು ಬರುವ ಮೇಲ್ಮಿತಿ. ಎರಡೂ ಒಂದೇ ಪಟ್ಟಿಯಲ್ಲ. ಮೊದಲು ಬ + ಕ ಕೂಡ ಸೀಮೆಯೇ ಎಂದು ತೋರಿಸಬೇಕು. ಆಮೇಲೆ ಯಾವ ಮ ಹಿಡಿದರೂ ಅದನ್ನು ಮುಟ್ಟುವ ಅಥವಾ ದಾಟುವ ಒಂದು ಬ + ದ ಇದೆ ಎನ್ನಬೇಕು. ಕೊನೆಗೆ ಬಲಗಡೆಯದು ಹೆಚ್ಚಿದರೆ ಮೊತ್ತವೂ ಹೆಚ್ಚುತ್ತದೆ ಎಂಬ ಏರಿಕೆಯ ನಿಯಮ ಹಚ್ಚಬೇಕು. ಹೀಗಾಗಿ ಏರಿಕೆಯ ನಿಯಮದ ಸಾಧನೆ ಸಹವರ್ತನೀಯಕ್ಕಿಂತ ಮೊದಲೇ ಮುಗಿದಿರಬೇಕು. ನನಗೆ ಈ ಸಾಧನೆಯಲ್ಲಿ ಪ್ರಿಯವಾದದ್ದು ಈ ಕ್ರಮವೇ.

ಉಳಿದವು ಇದೇ ಅಚ್ಚಿನಲ್ಲಿ ಬರುತ್ತವೆ. ಅ × (ಬ + ಕ) ಬಿಡಿಸಬಹುದು. (1 + 1) × ಒಮೇಗಾ ಬಿಡಿಸಿದರೆ ತಪ್ಪು, ಏಕೆಂದರೆ ಒಂದು ಕಡೆ ಒಮೇಗಾ, ಇನ್ನೊಂದು ಕಡೆ ಒಮೇಗಾ + ಒಮೇಗಾ. ಎಡಗಡೆಯ ಸಮಾನ ಪದ ಹೊಡೆದುಹಾಕಬಹುದು, ಬಲಗಡೆಯದನ್ನು ಹೊಡೆಯುವಂತಿಲ್ಲ. ಎರಡರ ಒಮೇಗಾ ಘಾತವೂ ಒಮೇಗಾವೇ.

ಇದೆಲ್ಲ ಬರೀ ಮೇಲಿನ ಲೋಕದ ಲೆಕ್ಕವೇ? 1944ರಲ್ಲಿ ಗುಡ್‌ಸ್ಟೀನ್ ಕೊಟ್ಟ ಉತ್ತರ ನೋಡಿ. ಒಂದು ಸಂಖ್ಯೆಯನ್ನು ಎರಡರ ಘಾತಗಳಲ್ಲಿ, ಘಾತಸೂಚಿಗಳನ್ನೂ ಹಾಗೆಯೇ ಬಿಡಿಸಿ, ಬರೆಯಿರಿ. ಎಲ್ಲ ಎರಡನ್ನೂ ಮೂರು ಮಾಡಿ ಒಂದು ಕಳೆಯಿರಿ. ಆಮೇಲೆ ಮೂರನ್ನು ನಾಲ್ಕು ಮಾಡಿ ಮತ್ತೆ ಒಂದು ಕಳೆಯಿರಿ. 4ರಿಂದ ಹೊರಟರೆ 26, 41, 60 ಎಂದು ಏರುತ್ತ ಹೋಗುತ್ತದೆ. ಇದು ಎಂದಾದರೂ ಸೊನ್ನೆಗೆ ಇಳಿಯುತ್ತದೆಯೇ? ಇಳಿಯುತ್ತದೆ. ಪ್ರತಿ ಹಂತದಲ್ಲೂ ಆಧಾರ ಸಂಖ್ಯೆಯ ಜಾಗಕ್ಕೆ ಒಮೇಗಾ ಇಟ್ಟು ನೋಡಿದರೆ, 4ಕ್ಕೆ ಒಮೇಗಾದ ಒಮೇಗಾ ಘಾತ ಬರುತ್ತದೆ. 26 ಎಂದರೆ 9 × 2 + 3 × 2 + 2, ಅದಕ್ಕೆ ಒಮೇಗಾ ವರ್ಗ × 2 + ಒಮೇಗಾ × 2 + 2. ಸಂಖ್ಯೆ ಏರಿದರೂ ಆರ್ಡಿನಲ್ ಇಳಿಯಿತು. ಆಧಾರ ಬದಲಿಸಿದಾಗ ಆರ್ಡಿನಲ್ ಕದಲುವುದಿಲ್ಲ, ಒಂದು ಕಳೆದಾಗ ಮಾತ್ರ ಇಳಿಯುತ್ತದೆ. ಆರ್ಡಿನಲ್‌ಗಳು ಕೊನೆಯಿಲ್ಲದೆ ಇಳಿಯಲಾರವು. ಆದ್ದರಿಂದ ಸಾಲು ನಿಲ್ಲಲೇಬೇಕು. 4ರ ಸಾಲು ನಿಲ್ಲಲು ಬೇಕಾದ ಹಂತಗಳು, ಎರಡರ 40,26,53,211ನೇ ಘಾತದ ಸುಮಾರು ಮೂರು ಪಟ್ಟು. ಸಾಸಿವೆಯ ಕುಂಡಗಳನ್ನು ಕಲ್ಪಿಸಿದವರು ಈ ಸಂಖ್ಯೆಗೆ ಬೆದರುತ್ತಿರಲಿಲ್ಲ. ಆದರೆ ಎಲ್ಲ ಸಂಖ್ಯೆಗಳ ಸಾಲೂ ನಿಲ್ಲುತ್ತದೆ ಎಂಬುದನ್ನು ಪಿಯಾನೋ ಅಂಕಗಣಿತದ ಒಳಗಿದ್ದು, ಒಂದು ಕೂಡಿಸಿ ಮುನ್ನಡೆಯುವ ಅನುಗಮನದಿಂದ ಮಾತ್ರ, ಸಾಧಿಸಲಾಗದು ಎಂದು ಕರ್ಬಿ ಮತ್ತು ಪ್ಯಾರಿಸ್ 1982ರಲ್ಲಿ ತೋರಿಸಿದರು.