ಕುಷ್ಠವಲ್ಲದ ಕುಷ್ಠ: ಯಾದಗಿರಿ–ಸುರಪುರ ಸೀಮೆಯಲ್ಲಿ ಸೋರಿಯಾಸಿಸ್ ನಡೆದುಬಂದ ದಾರಿ

ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ತನ್ನದೇ ಆದ ಗುರುತು ದೊರೆತು ಇನ್ನೂ ಇನ್ನೂರು ವರ್ಷ ತುಂಬಿಲ್ಲ. ಅದಕ್ಕೂ ಹಿಂದೆ ಅದು ಕುಷ್ಠ, ಗಜಕರ್ಣ, ಇಸುಬು, ಹುರುಕು ಮುಂತಾದ ಕಾಯಿಲೆಗಳ ಲೆಕ್ಕದಲ್ಲೇ ಸೇರಿಹೋಗಿತ್ತು. ಕೃಷ್ಣಾ ಮತ್ತು ಭೀಮಾ ನದಿಗಳ ಆಸುಪಾಸಿನ ಯಾದಗಿರಿ, ಶಹಾಪುರ, ಸುರಪುರ ಸೀಮೆಯನ್ನು ಮುಂದಿಟ್ಟುಕೊಂಡು ಆ ಚರಿತ್ರೆಯನ್ನು ಬಿಡಿಸಿ ನೋಡಲು ಎರಡು ಕಾರಣಗಳಿವೆ. ಆಯುರ್ವೇದ, ಯುನಾನಿ ಮತ್ತು ಮಿಷನ್ ಆಸ್ಪತ್ರೆಗಳ ಮೂಲಕ ಬಂದ ಪಾಶ್ಚಾತ್ಯ ವೈದ್ಯ ಈ ಮೂರೂ ಪದ್ಧತಿಗಳು ಇಲ್ಲಿ ಅಕ್ಕಪಕ್ಕದಲ್ಲೇ ನಡೆದುಬಂದಿರುವುದು ಒಂದು. ಇಲ್ಲಿನ ಕೆಲವು ಊರುಗಳ ಅಂತರ್ಜಲವೇ ಸೋರಿಯಾಸಿಸ್ ಎಂದು ಭ್ರಮೆ ಹುಟ್ಟಿಸಬಲ್ಲ ಮತ್ತೊಂದು ಚರ್ಮರೋಗಕ್ಕೆ ಕಾರಣವಾಗಿರುವುದು ಇನ್ನೊಂದು. ಈ ರೋಗ ಬಂದವರನ್ನು ರೋಗಕ್ಕಿಂತ ಹೆಚ್ಚಾಗಿ ಬಾಧಿಸಿದ್ದು ಅದನ್ನು ಮತ್ತೊಂದೆಂದು ಎಣಿಸಿದ ತಪ್ಪು, ಮತ್ತು ಇಂದು ಅದನ್ನು ಬರಿಯ ಚರ್ಮದ ಕಾಯಿಲೆಯೆಂದು ಎಣಿಸುವುದು ಅದೇ ತಪ್ಪಿನ ಮುಂದುವರಿಕೆ ಎಂಬುದು ಈ ಚರಿತ್ರೆಯಿಂದ ಸ್ಪಷ್ಟವಾಗುತ್ತದೆ.

ಸೋರಿಯಾಸಿಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಚರ್ಮವನ್ನು ಕೆಣಕುತ್ತದೆ. ಸಾಮಾನ್ಯವಾಗಿ ಸುಮಾರು ಒಂದು ತಿಂಗಳಲ್ಲಿ ಹುಟ್ಟಿ, ಮೇಲಕ್ಕೆ ಬಂದು, ಉದುರಿಹೋಗುವ ಚರ್ಮದ ಜೀವಕೋಶಗಳು ಈ ರೋಗದಲ್ಲಿ ಕೆಲವೇ ದಿನಗಳಲ್ಲಿ ಮೇಲೆ ಬಂದು ಒಂದರ ಮೇಲೊಂದು ಪದರಗಟ್ಟುತ್ತವೆ. ಹೀಗಾಗಿ ಮೊಣಕೈ, ಮೊಣಕಾಲು, ಸೊಂಟದ ಕೆಳಭಾಗ ಮತ್ತು ತಲೆಯ ಮೇಲೆ ಅಂಚು ಸ್ಪಷ್ಟವಾಗಿರುವ ಕೆಂಪು ದಡ್ಡುಗಳೆದ್ದು, ಅವುಗಳ ಮೇಲೆ ಬೆಳ್ಳನೆಯ ಹೊಟ್ಟು ಕೂಡುತ್ತದೆ. ಈ ಹೊಟ್ಟನ್ನು ಉಗುರಿನಿಂದ ಮೆಲ್ಲಗೆ ಕೆರೆದರೆ ಮೇಣದ ಪುಡಿಯಂತೆ ಪದರ ಪದರವಾಗಿ ಬಿಡುತ್ತದೆ, ಕೊನೆಯ ತೆಳು ಪೊರೆಯೂ ಎದ್ದಾಗ ಸೂಜಿಮೊನೆಯಷ್ಟೇ ರಕ್ತದ ಹನಿಗಳು ಕಾಣಿಸಿಕೊಳ್ಳುತ್ತವೆ. ವೈದ್ಯರು ಇದನ್ನು ಔಸ್ಪಿಟ್ಸ್ ಲಕ್ಷಣವೆಂದು ಕರೆಯುತ್ತಾರೆ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ, ಸೋರಿಯಾಸಿಸ್‌ನ ದಡ್ಡಿನಲ್ಲಿ ಹಾಗಾಗುವುದಿಲ್ಲ. ರೋಗದ ಒಲವು ಮನೆತನದಲ್ಲಿ ಹರಿದುಬರಬಹುದಾದರೂ ಮುಟ್ಟುವುದರಿಂದಾಗಲಿ, ಒಂದೇ ಕೌದಿ ಹೊದೆಯುವುದರಿಂದಾಗಲಿ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದಾಗಲಿ ಅದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಪ್ರಾಚೀನ ಭಾರತದ ವೈದ್ಯಗ್ರಂಥಗಳಲ್ಲಿ ಚರ್ಮರೋಗಗಳ ದೊಡ್ಡ ಗುಂಪಿಗೇ ಕುಷ್ಠವೆಂಬ ಹೆಸರಿತ್ತು. ಚರಕ ಸಂಹಿತೆ ಏಳು ಮಹಾಕುಷ್ಠಗಳನ್ನೂ ಹನ್ನೊಂದು ಕ್ಷುದ್ರಕುಷ್ಠಗಳನ್ನೂ ಸೇರಿಸಿ ಒಟ್ಟು 18 ಬಗೆಗಳನ್ನು ವಿವರಿಸುತ್ತದೆ. ಅವುಗಳಲ್ಲಿ ಬೆವರದಿರುವ, ದೇಹದ ಹೆಚ್ಚು ಭಾಗವನ್ನು ಆವರಿಸುವ, ಮೀನಿನ ಹುರುಪೆಯಂತೆ ಕಾಣುವ ಏಕಕುಷ್ಠವನ್ನೂ, ಕಪ್ಪಗೆ ಒರಟಾಗಿ ಜಡ್ಡುಗಟ್ಟುವ ಕಿಟಿಭವನ್ನೂ ಈಗಿನ ವಿದ್ವಾಂಸರು ಸೋರಿಯಾಸಿಸ್‌ಗೆ ಹತ್ತಿರವೆಂದು ಗುರುತಿಸುತ್ತಾರೆ. ಲಕ್ಷಣಗಳನ್ನು ವಿಂಗಡಿಸುವಲ್ಲಿ ಈ ಪರಂಪರೆ ಸೂಕ್ಷ್ಮವಾಗಿತ್ತು. ಆದರೆ ಸುಶ್ರುತ ಸಂಹಿತೆ ಒಡನಾಟದಿಂದ, ಒಂದೇ ಹಾಸಿಗೆ ಬಟ್ಟೆಗಳ ಬಳಕೆಯಿಂದ ಹರಡುವ ರೋಗಗಳ ಸಾಲಿನಲ್ಲಿ ಕುಷ್ಠವನ್ನೂ ಸೇರಿಸಿದ್ದರಿಂದ, ಆ ಹೆಸರಿನಡಿ ಬಂದ ಎಲ್ಲ ಕಾಯಿಲೆಗಳಿಗೂ ಅಂಟುರೋಗದ ಕಳಂಕ ತಗಲುವುದಕ್ಕೆ ದಾರಿಯಾಯಿತು. ಹಾಲು ಮತ್ತು ಮೀನನ್ನು ಒಟ್ಟಿಗೆ ತಿನ್ನುವಂಥ ವಿರುದ್ಧಾಹಾರವೇ ಚರ್ಮರೋಗಕ್ಕೆ ಮೂಲವೆಂಬ ಗ್ರಂಥೋಕ್ತಿ ಜನರ ನಡುವೆ ನಂಜಿನ ಪಥ್ಯವಾಗಿ ಉಳಿದುಬಂದಿದ್ದು, ಇಂದಿಗೂ ಮೈಮೇಲೆ ದಡ್ಡು ಕಂಡ ಕೂಡಲೇ ಬದನೆಕಾಯಿಯನ್ನೂ ಮೀನನ್ನೂ ಬಿಡಿಸುವ ಮನೆಗಳಿವೆ.

ಔಷಧದ ಜೊತೆಗೆ ಹರಕೆಯೂ ನಡೆದುಬಂದಿದೆ. ಗಂಡನ ಶಾಪದಿಂದ ಚರ್ಮರೋಗಕ್ಕೆ ತುತ್ತಾದ ರೇಣುಕೆ ಸವದತ್ತಿಯ ಜೋಗುಳಬಾವಿಯಲ್ಲಿ ಮಿಂದು ಗುಣವಾದಳೆಂಬ ಐತಿಹ್ಯದಿಂದಾಗಿ ಉತ್ತರ ಕರ್ನಾಟಕದ ಭಕ್ತರು ಮೈಯ ಕಾಯಿಲೆಗೆ ಎಲ್ಲಮ್ಮನಿಗೆ ಹರಕೆ ಹೊರುತ್ತಾರೆ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಹುತ್ತದ ಮಣ್ಣಾದ ಮೂಲಮೃತ್ತಿಕೆಯನ್ನು ಚರ್ಮರೋಗಕ್ಕೆ ಪ್ರಸಾದವಾಗಿ ಪಡೆಯುತ್ತಾರೆ. ಯಾದಗಿರಿ ತಾಲ್ಲೂಕಿನ ಮೈಲಾಪುರದ ಮಲ್ಲಯ್ಯನ ಸನ್ನಿಧಿಯಲ್ಲಿ ಮೈಗೆಲ್ಲ ಭಂಡಾರ ಬಳಿದುಕೊಳ್ಳುವ ಸಂಪ್ರದಾಯವಿದೆ. ಈ ಆಚರಣೆಗಳು ಕಾಯಿಲೆಯವರನ್ನು ಸಮುದಾಯದ ನಡುವೆಯೇ ಉಳಿಸಿಕೊಂಡವು ಎಂಬುದನ್ನು ಮರೆಯಬಾರದು. ಆದರೆ ಕಾಯಿಲೆಗೆ ನಾಗದೋಷವೋ ಹಿಂದಿನ ಪಾಪವೋ ಕಾರಣವೆಂಬ ನಂಬಿಕೆ ಅದರ ಹೊಣೆಯನ್ನು ರೋಗಿಯ ಮೇಲೆಯೇ ಹೊರಿಸಿತು, ಮದುವೆ ಮಾತುಕತೆಯ ಹೊತ್ತಿನಲ್ಲಿ ಇಡೀ ಮನೆತನವೇ ಅದನ್ನು ಬಚ್ಚಿಡುವಂತೆಯೂ ಮಾಡಿತು.

ರಾಜಕೀಯ ಚರಿತ್ರೆ ಈ ಸೀಮೆಯ ವೈದ್ಯದ ದಿಕ್ಕನ್ನು ಹೈದರಾಬಾದಿನ ಕಡೆಗೆ ತಿರುಗಿಸಿತು. ಸುರಪುರದ ನಾಯಕರ ಆಳ್ವಿಕೆ ರಾಜಾ ವೆಂಕಟಪ್ಪ ನಾಯಕರ 1858ರ ಬಂಡಾಯದೊಂದಿಗೆ ಕೊನೆಗೊಂಡು, ಸಂಸ್ಥಾನವು ಕೆಲವೇ ವರ್ಷಗಳಲ್ಲಿ ನಿಜಾಮರ ರಾಜ್ಯಕ್ಕೆ ಸೇರಿತು. 1948ರವರೆಗೆ ಅಲ್ಲಿಯೇ ಉಳಿದ ಈ ಪ್ರದೇಶ 1956ರಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಬಂದು, 2010ರಲ್ಲಿ ಕಲಬುರಗಿಯಿಂದ ಬೇರೆಯಾಗಿ ಯಾದಗಿರಿ ಜಿಲ್ಲೆಯಾಯಿತು. ನಿಜಾಮರ ಆಡಳಿತದಲ್ಲಿ ರಾಜಾಶ್ರಯ ಪಡೆದ ಯುನಾನಿ ಪದ್ಧತಿಯ ಹಕೀಮರು ಚರ್ಮರೋಗಗಳ ಚಿಕಿತ್ಸೆಗೆ ಹೆಸರಾಗಿದ್ದರು, ಮತ್ತು ಅವರ ಮುಖ್ಯ ದ್ರವ್ಯಗಳಲ್ಲಿ ಒಂದಾದ ಬಾವಂಚಿ ಬೀಜವನ್ನು ಆಯುರ್ವೇದದ ವೈದ್ಯರೂ ಬಾಕುಚಿ ಎಂಬ ಹೆಸರಿನಿಂದ ಬಳಸುತ್ತಿದ್ದರು. ಈ ಕರಿಯ ಬೀಜವನ್ನು ನೆನೆಹಾಕಿ, ಅರೆದು, ಗೋಮೂತ್ರದಲ್ಲೋ ಎಣ್ಣೆಯಲ್ಲೋ ಕಲಸಿ, ಮುಖ್ಯವಾಗಿ ತೊನ್ನಿನ ಮಚ್ಚೆಗೆ ಹಚ್ಚಿ ಬಿಸಿಲಿಗೆ ಕೂರಿಸುವುದು ರೂಢಿಯಾಗಿತ್ತು. ಹದ ತಪ್ಪಿ ಬಿಸಿಲು ಹೆಚ್ಚಾದರೆ ಅಲ್ಲಿ ಬೊಬ್ಬೆ ಏಳುತ್ತಿತ್ತು.

ಬೊಬ್ಬೆಯೇಳುವುದಕ್ಕೂ ಗುಣವಾಗುವುದಕ್ಕೂ ಕಾರಣ ಒಂದೇ ಆಗಿತ್ತು. ಬಾವಂಚಿ ಬೀಜದಲ್ಲಿ ಚರ್ಮವನ್ನು ಬೆಳಕಿಗೆ ಅತಿಸೂಕ್ಷ್ಮವಾಗಿಸುವ ವಸ್ತುವೊಂದಿದ್ದು, 1933ರಲ್ಲಿ ಜೋಯಿಸ್, ಮಂಜುನಾಥ್ ಮತ್ತು ವೆಂಕಟರಾವ್ ಎಂಬ ಭಾರತೀಯ ರಸಾಯನವಿಜ್ಞಾನಿಗಳು ಅದನ್ನು ಬೇರ್ಪಡಿಸಿದರು. ಅದಕ್ಕೆ ಸೊರಾಲೆನ್ ಎಂಬ ಹೆಸರು ಬಂತು. 1974ರಲ್ಲಿ ಅಮೆರಿಕದ ಚರ್ಮವೈದ್ಯರು ಇದೇ ಗುಂಪಿನ ಔಷಧವನ್ನು ನುಂಗಿಸಿ, ನೇರಳಾತೀತ ಕಿರಣಗಳಲ್ಲಿ ‘ಎ’ ಬಗೆಯದನ್ನು ಅಳತೆಮಾಡಿ ಮೈಗೆ ಬೀಳಿಸುವ ‘ಪ್ಯೂವಾ’ ಚಿಕಿತ್ಸೆಯನ್ನು ಸೋರಿಯಾಸಿಸ್‌ಗೆ ಬಳಕೆಗೆ ತಂದರು. ಹಕೀಮರೂ ವೈದ್ಯರೂ ಕಂಡುಕೊಂಡಿದ್ದ ದ್ರವ್ಯಕ್ಕೆ ಇಲ್ಲಿ ಪ್ರಮಾಣ ಮತ್ತು ಕಾಲದ ಅಳತೆ ಸೇರಿತು. ದೀರ್ಘಕಾಲ ಪಡೆದವರಲ್ಲಿ ಇದು ಚರ್ಮದ ಕ್ಯಾನ್ಸರಿನ ಸಾಧ್ಯತೆಯನ್ನು ಹೆಚ್ಚಿಸುವುದು ತಿಳಿದ ಮೇಲೆ, ಔಷಧವಿಲ್ಲದೆಯೇ ಕೆಲಸ ಮಾಡುವ ಕಿರಿಪಟ್ಟಿಯ ‘ಬಿ’ ಕಿರಣಗಳ ಚಿಕಿತ್ಸೆ ಅದರ ಸ್ಥಾನವನ್ನು ಬಹುಮಟ್ಟಿಗೆ ಪಡೆದುಕೊಂಡಿತು.

ಕುಷ್ಠದೊಡನೆ ಬೆರೆತುಹೋಗಿದ್ದ ತೊಡಕು ಭಾರತದ್ದು ಮಾತ್ರವಾಗಿರಲಿಲ್ಲ. ಯುರೋಪಿನಲ್ಲಿಯೂ ಶತಮಾನಗಳ ಕಾಲ ಹೊಟ್ಟು ಬಿಡುವ ಚರ್ಮರೋಗಗಳನ್ನೆಲ್ಲ ‘ಲೆಪ್ರ’ ಎಂಬ ಒಂದೇ ಹೆಸರಿನಡಿ ತುಂಬಲಾಗಿತ್ತು. 19ನೆಯ ಶತಮಾನದ ಮೊದಲ ದಶಕದಲ್ಲಿ ಲಂಡನ್ನಿನ ರಾಬರ್ಟ್ ವಿಲ್ಲನ್ ಸೋರಿಯಾಸಿಸ್‌ನ ಲಕ್ಷಣಗಳನ್ನು ನಿಖರವಾಗಿ ವರ್ಣಿಸಿದರೂ ಆ ಹೆಸರನ್ನು ಕೈಬಿಡಲಿಲ್ಲ. 1841ರಲ್ಲಿ ವಿಯೆನ್ನಾದ ಫರ್ಡಿನಂಡ್ ಹೆಬ್ರಾ ಅದನ್ನು ಕುಷ್ಠದಿಂದ ಪೂರ್ತಿಯಾಗಿ ಬೇರ್ಪಡಿಸಿದರು. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕುಷ್ಠದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ ಮೇಲೆ ಎರಡರ ನಡುವಿನ ಗೆರೆ ಸ್ಥಿರವಾಯಿತು. ಬ್ರಿಟಿಷ್ ಭಾರತದ 1898ರ ಕಾಯಿದೆ ಕುಷ್ಠರೋಗಿಗಳನ್ನು ಆಶ್ರಮಗಳಲ್ಲಿ ಬಂಧಿಸಿಡಲು ಅವಕಾಶ ನೀಡಿತು. ಹೈದರಾಬಾದ್ ಸಂಸ್ಥಾನದೊಳಗೆ, ನಿಜಾಮಾಬಾದಿನ ಬಳಿಯ ಡಿಚ್‌ಪಲ್ಲಿಯಲ್ಲಿ ಸ್ಕಾಟ್ಲೆಂಡಿನ ವೈದ್ಯೆ ಇಸಬೆಲ್ ಕೆರ್ 20ನೆಯ ಶತಮಾನದ ಎರಡನೆಯ ದಶಕದಲ್ಲಿ ಕುಷ್ಠರೋಗದ ಆಸ್ಪತ್ರೆಯನ್ನು ಕಟ್ಟಿದರು; ಯಾದಗಿರಿಯಲ್ಲಿ ಮೆಥೋಡಿಸ್ಟ್ ಮಿಷನ್ನಿನ ಹೋಲ್ಸ್ಟನ್ ಆಸ್ಪತ್ರೆ ಆಧುನಿಕ ವೈದ್ಯವನ್ನು ಜನರ ಬಳಿಗೆ ತಂದಿತು. ಗ್ರಂಥಗಳಲ್ಲಿ ಗೆರೆ ಎಳೆದದ್ದಾಗಿದ್ದರೂ ಊರಿನ ಕಣ್ಣಿಗೆ ಅದು ಕಾಣಿಸಿರಲಿಲ್ಲ: ಹೊಟ್ಟು ಉದುರುವ ಮೈಯನ್ನು ಕಂಡವರು ಕುಷ್ಠವನ್ನೇ ನೆನೆದರು.

ಬೊಂಬಾಯಿಯಿಂದ ಬಂದ ರೈಲುಹಾದಿ 1871ರಲ್ಲಿ ಯಾದಗಿರಿಯನ್ನು ಹಾದು ರಾಯಚೂರು ಮುಟ್ಟಿದ ಆ ಕಾಲದಲ್ಲಿ, ಬೊಂಬಾಯಿಯ ಪೇಟೆಯಲ್ಲಿ ಗಜಕರ್ಣಕ್ಕೆ ‘ಗೋವಾ ಪುಡಿ’ ಎಂಬ ಹಳದಿ ಔಷಧ ಮಾರಾಟವಾಗುತ್ತಿತ್ತು. ಬ್ರೆಜಿಲಿನ ಮರವೊಂದರ ತಿರುಳಿನಿಂದ ತೆಗೆದು ಪೋರ್ಚುಗೀಸರ ಮೂಲಕ ಗೋವೆಗೆ ಬಂದಿದ್ದ ಈ ಪುಡಿಯನ್ನು ನಿಂಬೆರಸದಲ್ಲೋ ವಿನಿಗರಿನಲ್ಲೋ ಕಲಸಿ ಹಚ್ಚುತ್ತಿದ್ದರು. ಅದು ಚರ್ಮವನ್ನು ಉರಿಸುತ್ತಿತ್ತು, ಉಟ್ಟ ಬಟ್ಟೆಗೆ ಬಿಡಿಸಲಾಗದ ಕಲೆ ಕೂರಿಸುತ್ತಿತ್ತು. ಸೋರಿಯಾಸಿಸ್ ಇದ್ದ ರೋಗಿಯೊಬ್ಬರು ತಮ್ಮದು ಗಜಕರ್ಣವೆಂದು ತಿಳಿದು ಇದನ್ನು ಹಚ್ಚಿಕೊಂಡು ಗುಣ ಕಂಡದ್ದನ್ನು ಗಮನಿಸಿದ ಲಂಡನ್ನಿನ ಬಾಲ್ಮನ್ನೊ ಸ್ಕ್ವಯರ್ 1876ರಲ್ಲಿ ಅದನ್ನು ಪ್ರಚುರಪಡಿಸಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಈ ಪುಡಿಯ ಆಮದು ನಿಂತಾಗ ಜರ್ಮನಿಯಲ್ಲಿ ತಯಾರಾದ ಬದಲಿ ರಾಸಾಯನಿಕವೇ ಇಂದಿಗೂ ಬಳಕೆಯಲ್ಲಿರುವ ಡೈತ್ರನಾಲ್ ಮುಲಾಮು. ಹೀಗೆ ಆಧುನಿಕ ಔಷಧವೊಂದರ ಹುಟ್ಟಿಗೂ ರೋಗವನ್ನು ಮತ್ತೊಂದೆಂದು ತಿಳಿದದ್ದೇ ನಿಮಿತ್ತವಾಯಿತು.

ಎಲ್ಲ ಪ್ರಮಾದಗಳೂ ಹೀಗೆ ಒಳಿತಿನಲ್ಲಿ ಮುಗಿಯಲಿಲ್ಲ. 18ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಥಾಮಸ್ ಫೌಲರ್ ತಯಾರಿಸಿದ ಆರ್ಸೆನಿಕ್ ದ್ರಾವಣವನ್ನು ಮುಂದಿನ ನೂರಕ್ಕೂ ಹೆಚ್ಚು ವರ್ಷಗಳ ಕಾಲ ಸೋರಿಯಾಸಿಸ್‌ಗೆ ಹನಿಹನಿಯಾಗಿ ಕುಡಿಸಲಾಯಿತು. ಅದನ್ನು ವರ್ಷಗಟ್ಟಲೆ ಕುಡಿದವರ ಅಂಗೈ ಅಂಗಾಲುಗಳು ಗಂಟುಗಂಟಾಗಿ ಒರಟಾಗಿ, ಕೊನೆಗೆ ಕೆಲವರಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತೆಂದು ಜೊನಾಥನ್ ಹಚಿನ್ಸನ್ 1887ರಲ್ಲಿ ಎತ್ತಿತೋರಿಸಿದರು. ಇದೇ ಆರ್ಸೆನಿಕ್, ಅಂದರೆ ಪಾಷಾಣ, ಸುರಪುರ ಸೀಮೆಯಲ್ಲಿ ನೆಲದೊಳಗಿನಿಂದ ಮೇಲೆ ಬಂತು. ಹಿಂದೆ ಚಿನ್ನದ ಗಣಿಗಾರಿಕೆ ನಡೆದಿದ್ದ ಇದೇ ಸೀಮೆಯ ಮಂಗಳೂರು (ಕರಾವಳಿಯ ನಗರವಲ್ಲ) ಎಂಬ ಊರಿನ ಸುತ್ತಲಿನ ಶಿಲಾವಲಯದಲ್ಲಿ, ಕಿರದಳ್ಳಿ ತಾಂಡಾದಂಥ ನೆಲೆಗಳ ಜನರ ಮೈಮೇಲೆ ಮಚ್ಚೆಗಳೂ ಒರಟು ಗಂಟುಗಳೂ ಕಂಡುಬಂದದ್ದನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪರೀಕ್ಷಿಸಿದ 59 ಕೊಳವೆಬಾವಿಗಳ ನೀರಿನಲ್ಲಿ ಶೇ. 79ರಲ್ಲಿ ಆರ್ಸೆನಿಕ್ ಪ್ರಮಾಣ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಸುರಕ್ಷಿತ ಮಿತಿಯನ್ನು ದಾಟಿತ್ತು, ಗರಿಷ್ಠ ಪ್ರಮಾಣ 303 ಇತ್ತು. ತಪಾಸಣೆಗೊಳಗಾದ 181 ಮಂದಿಯಲ್ಲಿ ಶೇ. 58.6ರಷ್ಟು ಜನರಿಗೆ ಆರ್ಸೆನಿಕ್‌ನಿಂದಾದ ಚರ್ಮವಿಕಾರಗಳಿದ್ದವು. ಅಂಗೈ ಅಂಗಾಲಿಗೆ ಬರುವ ಸೋರಿಯಾಸಿಸ್ ಮತ್ತು ಪಾಷಾಣದಿಂದಾಗುವ ಈ ಒರಟುತನ ಮೇಲುನೋಟಕ್ಕೆ ಹೋಲಬಹುದಾದ್ದರಿಂದ, ಈ ಸೀಮೆಯಲ್ಲಿ ಚರ್ಮದ ಕಾಯಿಲೆಯನ್ನು ನೋಡುವವರು ರೋಗಿ ಕುಡಿಯುವ ನೀರು ಯಾವ ಬಾವಿಯದೆಂದು ಕೇಳದೆ ತೀರ್ಮಾನಕ್ಕೆ ಬರುವಂತಿಲ್ಲ. ಮುಲಾಮಿನಿಂದ ತಹಬಂದಿಗೆ ಬರುವ ಕಾಯಿಲೆ ಒಂದಾದರೆ, ಬೇರೆ ನೀರಿನ ಮೂಲವನ್ನೇ ಒದಗಿಸಬೇಕಾದದ್ದು ಇನ್ನೊಂದು.

20ನೆಯ ಶತಮಾನದ ನಡುವಿನಲ್ಲಿ ಬಂದ ಮೆಥೊಟ್ರೆಕ್ಸೇಟ್ ಸೋರಿಯಾಸಿಸ್ ಚಿಕಿತ್ಸೆಯ ದಿಕ್ಕನ್ನು ಚರ್ಮದಿಂದ ದೇಹದೊಳಕ್ಕೆ ತಿರುಗಿಸಿತು. ಆಂಧ್ರ ಮೂಲದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ನಡೆಸಿದ ಫೋಲಿಕ್ ಆಮ್ಲದ ಸಂಶೋಧನೆಯಿಂದ ಹೊಮ್ಮಿದ ಈ ಗುಂಪಿನ ಔಷಧಗಳು ಸೋರಿಯಾಸಿಸ್‌ನ ದಡ್ಡುಗಳನ್ನು ಇಳಿಸುತ್ತವೆಂದು 1951ರಲ್ಲಿ ಕಂಡುಬಂತು. ಅಗ್ಗವೂ ಪರಿಣಾಮಕಾರಿಯೂ ಆದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಸೋರಿಯಾಸಿಸ್‌ಗೆ ವಾರಕ್ಕೊಮ್ಮೆ ಮಾತ್ರ ಕೊಡಲಾಗುತ್ತದೆ; ತಿಳಿಯದೆ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯವಿದೆ, ಸೇಂದಿ ಸಾರಾಯಿಗಳ ಜೊತೆ ಸೇರಿದರೆ ಯಕೃತ್ತು ಹಾಳಾಗುವ ಸಂಭವ ಹೆಚ್ಚುತ್ತದೆ, ಗರ್ಭಿಣಿಯರು ಅದನ್ನು ತೆಗೆದುಕೊಳ್ಳುವಂತಿಲ್ಲ, ಮತ್ತು ಕಾಲಕಾಲಕ್ಕೆ ರಕ್ತಪರೀಕ್ಷೆ ಅನಿವಾರ್ಯ. ಮುಂದೆ ರೋಗನಿರೋಧಕ ವ್ಯವಸ್ಥೆಯ ನಿರ್ದಿಷ್ಟ ಕೊಂಡಿಯನ್ನಷ್ಟೇ ತಡೆಯುವ ಜೈವಿಕ ಔಷಧಗಳು ಬಂದು, ಬೆಂಗಳೂರಿನ ಬಯೋಕಾನ್ 2013ರಲ್ಲಿ ಇಟೊಲಿಜುಮಾಬ್ ಎಂಬ ಅಂಥದೊಂದು ಔಷಧವನ್ನು ಮಾರುಕಟ್ಟೆಗೆ ತಂದಿತು.

ಒಳಗಿನಿಂದ ಚಿಕಿತ್ಸೆ ಮಾಡುವ ಈ ಹಾದಿಯಲ್ಲೇ ರೋಗದ ಎರಡನೆಯ ಮುಖ ತೆರೆದುಕೊಂಡಿತು. ಸೋರಿಯಾಸಿಸ್ ಇರುವವರಲ್ಲಿ ಹಲವರಿಗೆ ಬೆರಳು, ಹಿಮ್ಮಡಿ, ಬೆನ್ನುಗಳ ಕೀಲುಗಳಲ್ಲಿ ಉರಿಯೂತ ಬರುತ್ತದೆಂಬುದನ್ನು 19ನೆಯ ಶತಮಾನದ ಫ್ರೆಂಚ್ ವೈದ್ಯರೇ ಗಮನಿಸಿದ್ದರಾದರೂ, ಅದು ಪ್ರತ್ಯೇಕ ಬಗೆಯ ಸಂಧಿವಾತವೆಂದು ಗಟ್ಟಿಯಾಗಿ ನಿರೂಪಿತವಾದದ್ದು 1973ರಲ್ಲಿ ಮೋಲ್ ಮತ್ತು ರೈಟ್ ಅವರ ಬರಹದಿಂದ. ತಡವಾದರೆ ಕೀಲು ಶಾಶ್ವತವಾಗಿ ಸೊಟ್ಟಗಾಗುವ ಈ ತೊಂದರೆಗೆ ಉಗುರುಗಳ ಮೇಲಿನ ಸಣ್ಣ ಕುಳಿಗಳೂ ಬೆಳಿಗ್ಗೆ ಎದ್ದಾಗಿನ ಕೈಕಾಲು ಬಿಗಿತವೂ ಮುನ್ಸೂಚನೆಯಾಗಬಹುದು. 2006ರಲ್ಲಿ ಬ್ರಿಟನ್ನಿನ ಲಕ್ಷಾಂತರ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವು ತೀವ್ರ ಸೋರಿಯಾಸಿಸ್ ಇರುವವರಿಗೆ, ಅದರಲ್ಲೂ ಕಡಿಮೆ ವಯಸ್ಸಿನವರಿಗೆ, ಹೃದಯಾಘಾತದ ಅಪಾಯ ಹೆಚ್ಚೆಂದು ತೋರಿಸಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು, ಯಕೃತ್ತಿನ ಕೊಬ್ಬು, ಖಿನ್ನತೆ ಇವೂ ಜೊತೆಗೂಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2014ರ ನಿರ್ಣಯದಲ್ಲಿ ಇದನ್ನು ಗಂಭೀರವಾದ ಅಸಾಂಕ್ರಾಮಿಕ ರೋಗವೆಂದು ಒಪ್ಪಿಕೊಂಡು, 2016ರಲ್ಲಿ ಜಾಗತಿಕ ವರದಿಯನ್ನು ಪ್ರಕಟಿಸಿತು.

ಗುಳೆ ಹೋಗುವ ಕುಟುಂಬಗಳಿರುವ ಈ ಸೀಮೆಯಲ್ಲಿ ಇಂಥ ತಿಳಿವಳಿಕೆಯನ್ನು ಆಚರಣೆಗೆ ತರುವುದು ಸುಲಭವಲ್ಲ. ಚರ್ಮಕ್ಕೆ ಪೆಟ್ಟು ಬಿದ್ದಲ್ಲೆಲ್ಲ ಹೊಸ ದಡ್ಡು ಏಳುವುದು ಸೋರಿಯಾಸಿಸ್‌ನ ಸ್ವಭಾವವಾದ್ದರಿಂದ ಕಲ್ಲು, ಸಿಮೆಂಟು, ಗುದ್ದಲಿಗಳೊಡನೆ ದುಡಿಯುವವರ ಕೈಕಾಲುಗಳಿಗೆ ವಿರಾಮವಿರುವುದಿಲ್ಲ. ಊರು ಬದಲಾದಂತೆ ಚಿಕಿತ್ಸೆಯೂ ನಡುವೆ ಕಡಿಯುತ್ತದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಮುಲಾಮನ್ನು ಹಚ್ಚಿ ಒಮ್ಮೆಲೇ ಬಿಟ್ಟಾಗ, ಅಥವಾ ಸ್ಟೀರಾಯ್ಡ್ ಮಾತ್ರೆಯನ್ನು ನುಂಗಿ ನಿಲ್ಲಿಸಿದಾಗ, ರೋಗ ಮೊದಲಿಗಿಂತ ಜೋರಾಗಿ ಮರುಕಳಿಸುವುದುಂಟು.

ಹಾಗಿದ್ದೂ ಬೇಕಾದ ಏರ್ಪಾಡುಗಳು ಈಗ ಕೈಗೆಟಕುವ ದೂರದಲ್ಲಿವೆ. ಯಾದಗಿರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿದೆ. ಕುಷ್ಠರೋಗ ಪತ್ತೆ ಆಂದೋಲನದ ಆಶಾ ಕಾರ್ಯಕರ್ತೆಯರು ಈ ಸೀಮೆಯ ಮುದನಾಳದಂಥ ಊರುಗಳಲ್ಲಿಯೂ ಮನೆಮನೆಗೆ ಹೋಗಿ ಮೈಮೇಲಿನ ಮಚ್ಚೆಗಳನ್ನು ವಿಚಾರಿಸುವ ವ್ಯವಸ್ಥೆಯಿದೆ. ಮೂವತ್ತು ದಾಟಿದವರ ರಕ್ತದೊತ್ತಡ ಮತ್ತು ಸಕ್ಕರೆ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ನಿತ್ಯದ ಕೆಲಸವಾಗಿದೆ. ಮಚ್ಚೆಯಲ್ಲಿ ಸ್ಪರ್ಶಜ್ಞಾನವಿದೆ, ಇದು ಕುಷ್ಠವಲ್ಲ ಎಂದು ಹೇಳಿ ಕಳಿಸಿದರೆ ಅರ್ಧ ಕೆಲಸವಷ್ಟೇ ಆದಂತೆ. ಹಾಗೆ ಕಳಿಸುವ ಮೊದಲು ಕುಡಿಯುವ ನೀರನ್ನು ಕುರಿತು ಕೇಳಬೇಕು, ಕೀಲುಗಳಲ್ಲಿ ನೋವಿದೆಯೇ ಎಂದು ವಿಚಾರಿಸಬೇಕು, ರಕ್ತದೊತ್ತಡ ಮತ್ತು ಸಕ್ಕರೆಯನ್ನು ಅಳೆಯಬೇಕು, ಚರ್ಮವೈದ್ಯರ ಬಳಿಗೆ ಚೀಟಿ ಬರೆದುಕೊಡಬೇಕು. ಈ ರೋಗ ಅಂಟುವುದಿಲ್ಲವೆಂಬುದನ್ನು ಮನೆಯವರೆಲ್ಲರ ಎದುರಿಗೇ ಹೇಳಬೇಕು.