ಹುಳುಮನೆಯ ಶುಚಿ, ಶಾಲೆಮನೆಯ ಪಾಠ

ಕೊಳ್ಳೇಗಾಲವೆಂದರೆ ಪಟ್ಟಣದ ಜನಕ್ಕೆ ಥಟ್ಟನೆ ನೆನಪಾಗುವುದು ಎರಡು: ರೇಷ್ಮೆ ಮತ್ತು ಮಾಟ. ಮಾಟದ ವಿಷಯವನ್ನು ಕಥೆ ಹೇಳುವವರಿಗೆ ಬಿಟ್ಟುಬಿಡೋಣ. ರೇಷ್ಮೆಯ ವಿಷಯದಲ್ಲಿ ಮಾತ್ರ ವಿದ್ಯಾಭ್ಯಾಸಕ್ಕೆ ಸಂಬಂಧಪಟ್ಟ ಸ್ವಾರಸ್ಯವೊಂದಿದೆ. ಹುಳು ಸಾಕುವ ಮನೆಗೆ ಕಾಲಿಡುವ ಮುನ್ನ ಕೈಕಾಲು ತೊಳೆಯಬೇಕು. ತಟ್ಟೆಗಳನ್ನು, ಚಂದ್ರಿಕೆಗಳನ್ನು ತೊಳೆದು ಬಿಸಿಲಿಗೆ ಹಾಕಬೇಕು. ಗಾಳಿ ಎಷ್ಟು, ತೇವ ಎಷ್ಟು ಎಂದು ನೋಡಿಕೊಳ್ಳುತ್ತಿರಬೇಕು. ಗಂಟುರೋಗ, ಸುಣ್ಣಕಟ್ಟು ರೋಗ, ಸಪ್ಪೆರೋಗ ಇವುಗಳ ಹೆಸರು ಅಕ್ಷರ ಬಾರದ ಅಜ್ಜಿಗೂ ಗೊತ್ತು. ತಾಯಿಹುಳುವಿನಿಂದ ಮೊಟ್ಟೆಗೆ ಇಳಿಯುವ ಗಂಟುರೋಗದ ಗುಟ್ಟನ್ನು ಫ್ರಾನ್ಸಿನ ಪಾಶ್ಚರ್ ಮಹಾಶಯನು 1865ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಸೂಕ್ಷ್ಮದರ್ಶಕವಿಟ್ಟು ಬಿಡಿಸಿದ. ಅವನ ಹೆಸರನ್ನೇ ಕೇಳದ ಜನ ಅವನ ಪಾಠವನ್ನು ದಿನವೂ ಆಚರಿಸುತ್ತ ಬಂದಿದ್ದಾರೆ.

ಹುಳುವಿಗೆ ಇಷ್ಟು ಆರೈಕೆ ಮಾಡಬಲ್ಲ ಸೀಮೆಯಲ್ಲಿ, ಮಗು ಕೂರುವ ಶಾಲೆಯ ಗಾಳಿ ಬೆಳಕು, ನೀರು ನೈರ್ಮಲ್ಯ, ಗಿಡಮರಗಳ ಚಿಂತೆಯನ್ನು ಉಪಾಧ್ಯಾಯರಿಗೆ ಕಲಿಸಿದವರು ಯಾರು? ಕಲಿಸಿದ್ದು ನಿಂತಿತೆ? ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳ ಚರಿತ್ರೆಯಲ್ಲಿ ಈ ಪ್ರಶ್ನೆ ಒಂದಕ್ಕಿಂತ ಹೆಚ್ಚು ಸಲ, ಬೇರೆ ಬೇರೆ ಹೆಸರಿನಲ್ಲಿ, ತಲೆಯೆತ್ತಿದೆ.

ಮೊದಲು ಈ ಸೀಮೆ ಒಂದೇ ಆಡಳಿತದಲ್ಲಿರಲಿಲ್ಲವೆಂಬುದನ್ನು ನೆನೆಯಬೇಕು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ಕೊಯಮತ್ತೂರು ಸೀಮೆ ಕಂಪನಿ ಸರ್ಕಾರದ ಪಾಲಾಯಿತು. ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು ಆ ಜಿಲ್ಲೆಯ ಮೂಲೆಯಲ್ಲಿ, ಮದರಾಸು ಪ್ರಾಂತದ ಕನ್ನಡ ತುಣುಕಾಗಿ ಉಳಿಯಿತು. ಮಗ್ಗುಲಲ್ಲೇ ಇದ್ದ ಯಳಂದೂರು ಮಾತ್ರ ಮೈಸೂರಿನದು. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ಸಂಚಿಯ ಹೊನ್ನಮ್ಮನ ಊರು ಇದೇ. ಶಾಲೆ ಇಲಾಖೆಗಳೊಂದೂ ಇಲ್ಲದ ಹದಿನೇಳನೆಯ ಶತಮಾನದಲ್ಲಿ, ಅರಮನೆಯಲ್ಲಿ ಸಂಚಿ ಹಿಡಿಯುವ ಹೆಣ್ಣುಮಗಳೊಬ್ಬಳು ಕಾವ್ಯ ಬರೆದ ಊರು. ಹೀಗೆ ಕೂಗಳತೆಯ ಊರುಗಳಾದರೂ ಒಂದರ ಮೇಷ್ಟ್ರು ಮೈಸೂರಿನ ವಿದ್ಯಾ ಇಲಾಖೆಯ ಕಡೆ ನೋಡಬೇಕು, ಇನ್ನೊಂದರ ಮೇಷ್ಟ್ರು ಕೊಯಮತ್ತೂರಿನ ಕಡೆ. 1913ರಲ್ಲಿ ಮೈಸೂರು ಸಂಸ್ಥಾನ ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆ ಮಾಡಿದಾಗ ಅದರ ನೆರಳು ಕೊಳ್ಳೇಗಾಲದ ಗಡಿಯ ಈಚೆಗೇ ನಿಂತಿತು.

ಶಾಲೆಯ ನೈರ್ಮಲ್ಯವನ್ನು ಪುಸ್ತಕದ ಪಾಠದಿಂದ ಕೈಯ ಕೆಲಸಕ್ಕೆ ಇಳಿಸಿದ ಮೊದಲ ದೊಡ್ಡ ಪ್ರಯತ್ನ ಗಾಂಧೀಜಿಯವರ ಮೂಲಶಿಕ್ಷಣ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸಮ್ಮೇಳನ ನಡೆಯಿತು. ಮುಂದೆ ರಾಷ್ಟ್ರಪತಿಗಳಾದ ಜಾಕಿರ್ ಹುಸೇನರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಪಠ್ಯಕ್ರಮ ಹಾಕಿತು. ಉಪಾಧ್ಯಾಯನ ತರಬೇತಿಯಿಲ್ಲದೆ ಇದು ಸಾಗದೆಂದು ಸಮಿತಿಗೆ ಮೊದಲೇ ತಿಳಿದಿತ್ತು. ಆದ್ದರಿಂದ ಮೂರು ವರ್ಷದ ಪೂರ್ಣ ತರಬೇತಿ, ಅವಸರಕ್ಕೆ ಒಂದು ವರ್ಷದ ತರಬೇತಿ ಎಂದು ಎರಡು ಬಗೆ ಸೂಚಿಸಿತು. ಸೇವಾಗ್ರಾಮದಲ್ಲಿ ತರಬೇತಿಗೆ ಬಂದ ಮೇಷ್ಟ್ರು ನೂಲಬೇಕು, ಅಡುಗೆಗೆ ನಿಲ್ಲಬೇಕು, ಕಕ್ಕಸನ್ನು ತಾವೇ ತೊಳೆಯಬೇಕು. ಇಂದೋರಿನಲ್ಲಿ ಆಲ್ಬರ್ಟ್ ಹೊವರ್ಡ್ ರೂಢಿಸಿದ್ದ ಕಾಂಪೋಸ್ಟಿನ ಕ್ರಮವನ್ನು ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಪ್ರಚಾರಮಾಡಿದ್ದರು. ಊರಿನ ಹೊಲಸು ಗುಂಡಿಗೆ ಬಿದ್ದು ಗೊಬ್ಬರವಾಗಿ ಶಾಲೆಯ ತೋಟಕ್ಕೆ ಬರುವುದೂ ಪಾಠವೇ. ಇಂದು ‘ಸುಸ್ಥಿರ ಶಾಲೆ’ ಎಂದು ದೊಡ್ಡ ಹೆಸರಿಟ್ಟು ಹೇಳುವುದರಲ್ಲಿ ಬಹುಪಾಲು ಇದೇ.

ಕೊಳ್ಳೇಗಾಲಕ್ಕೆ ಇದು ದೂರದ ಸುದ್ದಿಯೇನಲ್ಲ. ಅದೇ ಕೊಯಮತ್ತೂರು ಜಿಲ್ಲೆಯ ಪೆರಿಯನಾಯಕನ್‌ಪಾಳ್ಯದ ರಾಮಕೃಷ್ಣ ವಿದ್ಯಾಲಯ ಈ ಬಗೆಯ ಶಿಕ್ಷಣಕ್ಕೆ ಹೆಸರಾಗಿತ್ತು. ಅದನ್ನು 1930ರಲ್ಲಿ ಸ್ಥಾಪಿಸಿದ ಅವಿನಾಶಿಲಿಂಗಂ ಚೆಟ್ಟಿಯಾರರೇ 1946ರಿಂದ 1949ರವರೆಗೆ ಮದರಾಸಿನ ವಿದ್ಯಾಮಂತ್ರಿಗಳಾಗಿದ್ದರು. ಆದರೆ ಅಲ್ಲಿಯ ಮಾತು ತಮಿಳು, ಕೊಳ್ಳೇಗಾಲದ ಮಗುವಿನ ಮಾತು ಕನ್ನಡ. ಜಿಲ್ಲೆ ಒಂದಾದ ಮಾತ್ರಕ್ಕೆ ಪಾಠವೂ ಒಂದಾಗುವುದಿಲ್ಲ.

ಈ ಆಲೋಚನೆಗೆ ಕೆಟ್ಟ ಹೆಸರು ಬಂದದ್ದು 1953ರಲ್ಲಿ. ರಾಜಾಜಿಯವರು ಮದರಾಸಿನ ಮುಖ್ಯಮಂತ್ರಿಗಳಾಗಿದ್ದಾಗ ಹಳ್ಳಿಯ ಶಾಲೆಗಳಲ್ಲಿ ಪಾಠವನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿದರು. ಮಿಕ್ಕ ಹೊತ್ತು ಮಗು ಮನೆಯ ಕಸುಬನ್ನು ಕಲಿಯಲಿ ಎಂಬುದು ಯೋಜನೆ. ಅರ್ಧದಿನದ ಪಾಳಿಯಿಂದ ಹೆಚ್ಚು ಮಕ್ಕಳಿಗೆ ಸ್ಥಳ ಸಿಕ್ಕೀತೆಂಬ ಲೆಕ್ಕಾಚಾರವೂ ಅದರಲ್ಲಿತ್ತು. ಆದರೆ ಕ್ಷೌರಿಕನ ಮಗನು ಕ್ಷೌರವನ್ನೇ, ಜಾಡಮಾಲಿಯ ಮಗನು ಕಸವನ್ನೇ ಕಲಿಯಬೇಕೆ ಎಂದು ಜನ ಕೇಳಿದರು. ಇದು ಕುಲಕಸುಬಿನ ಶಿಕ್ಷಣವೆಂದು ನಾಡೆಲ್ಲ ಚಳವಳಿ ಎದ್ದಿತು. 1954ರಲ್ಲಿ ರಾಜಾಜಿ ಇಳಿದರು; ಕಾಮರಾಜರು ಬಂದು ಯೋಜನೆಯನ್ನು ರದ್ದುಮಾಡಿದರು. ವಾರ್ಧಾದಲ್ಲಿ ಮೇಲುಜಾತಿಯ ಮೇಷ್ಟ್ರ ಕೈಗೂ ಪೊರಕೆ ಬಂದಿತ್ತು. ಅದರಿಂದಲೇ ಅದಕ್ಕೊಂದು ತೂಕ. ಇಲ್ಲಿ ಪೊರಕೆ ಹುಟ್ಟಿದ ಮನೆಗೇ ಹಿಂತಿರುಗಿತು. ಎರಡಕ್ಕೂ ‘ಕೆಲಸದ ಮೂಲಕ ವಿದ್ಯೆ’ ಎಂಬ ಒಂದೇ ಹಣೆಪಟ್ಟಿ ಅಂಟಿಸಿದವರು ವಿದ್ಯೆಗೂ ಕೆಲಸಕ್ಕೂ ಉಪಕಾರ ಮಾಡಲಿಲ್ಲವೆಂದು ನನ್ನ ಅಭಿಪ್ರಾಯ. ಹಳೆಯ ಜಗಳವೆಂದು ಇದನ್ನು ತಳ್ಳಿಬಿಡುವಂತಿಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿಯನ್ನು ಓದುಗರು ಮರೆತಿರಲಾರರು. ಶಾಲೆಯನ್ನು ಯಾರು ಶುಚಿಮಾಡುತ್ತಾರೆ ಎಂಬುದನ್ನು ಬಿಟ್ಟು ಶುಚಿಯ ಪಾಠ ಹೇಳುವ ತರಬೇತಿ ಅರ್ಧ ತರಬೇತಿ.

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಿತು. ಕನ್ನಡದ ಸಂತೋಷ ದೊಡ್ಡದು. ಆದರೆ ಚರಿತ್ರೆಗೆ ಒಂದು ಕುಚೋದ್ಯದ ಬುದ್ಧಿಯೂ ಇದೆ. ಕಾಮರಾಜರು ಮದರಾಸಿನ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಹರಡತೊಡಗಿದ್ದೂ ಸುಮಾರಾಗಿ ಅದೇ ಕಾಲದಲ್ಲಿ. ಗಡಿ ಬದಲಾದ ತಾಲ್ಲೂಕಿಗೆ ಆ ಎಲೆ ತಪ್ಪಿತು. ಇತ್ತ 1960ರ ದಶಕದಲ್ಲಿ ಕೇರ್ ಸಂಸ್ಥೆಯ ಹಾಲಿನ ಪುಡಿ, ಉಪ್ಪಿಟ್ಟು ಬಂದವು. ಬಿಸಿಯೂಟದ ‘ಅಕ್ಷರ ದಾಸೋಹ’ ಕರ್ನಾಟಕದಲ್ಲಿ ಶುರುವಾದದ್ದು 2002ರಲ್ಲಿ, ಅದೂ ಮೊದಲು ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಈ ಕಡೆಗೆ ಬಂದದ್ದು ಆಮೇಲೆ. ಊಟ ಬಂದಮೇಲೆ ಶಾಲೆಗೆ ಅಡುಗೆಮನೆ ಬಂತು. ತೊಳೆಯಲು ನೀರು, ನೀರು ಹೋಗಲು ದಾರಿ, ಆ ದಾರಿಯ ಕೊನೆಗೆ ಒಂದು ಕರಿಬೇವು, ಒಂದು ನುಗ್ಗೆ. ಕೈತೋಟದ ಮೇಲೆ ನಡೆದ ಎಷ್ಟೋ ಭಾಷಣಗಳು ಮಾಡಲಾಗದ್ದನ್ನು ತಟ್ಟೆ ತೊಳೆದ ನೀರು ಮಾಡುತ್ತದೆ.

ಈ ಸೀಮೆಯ ನಿಜವಾದ ಹೊಸ ಪಾಠ ಆರಂಭವಾದದ್ದು ಬಯಲಿನಲ್ಲಲ್ಲ, ಬೆಟ್ಟದ ಮೇಲೆ. ಡಾಕ್ಟರ್ ಸುದರ್ಶನರು ಸೋಲಿಗರ ನಡುವೆ ವೈದ್ಯಕ್ಕೆಂದು ಬಿಳಿಗಿರಿರಂಗನ ಬೆಟ್ಟಕ್ಕೆ ಬಂದದ್ದು 1979-80ರ ಸುಮಾರಿನಲ್ಲಿ. ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಹುಟ್ಟಿತು. 1981ರಲ್ಲಿ ಶಾಲೆಯೂ ಆಯಿತು. ಔಷಧ ಕೊಡಲು ಬಂದವರಿಗೆ ರೋಗದ ಹಿಂದೆ ಹಸಿವು, ಹಸಿವಿನ ಹಿಂದೆ ಕಳೆದುಹೋದ ಕಾಡಿನ ಹಕ್ಕು ಕಂಡವು. ಆಸ್ಪತ್ರೆ, ಶಾಲೆ, ಜೀವನೋಪಾಯಗಳನ್ನು ಬೇರೆ ಬೇರೆ ಇಲಾಖೆಗಳೆಂದು ನೋಡುವುದು ಅಲ್ಲಿಗೆ ನಿಂತಿತು. 1994ರಲ್ಲಿ ಅವರಿಗೆ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಬಂದಿತು. ಕೆಳಗೆ ಯಳಂದೂರಿನಲ್ಲಿ 1986ರಲ್ಲಿ ಕುಷ್ಠರೋಗದ ನಿವಾರಣೆಗೆಂದು ಕರುಣಾ ಟ್ರಸ್ಟ್ ಆರಂಭವಾಯಿತು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರದ ನಿರ್ವಹಣೆಯೂ ಅದರ ಕೈಗೆ ಬಂದಿತು.

ಬೆಟ್ಟದ ಶಾಲೆಗೆ ಬರುವ ಮೇಷ್ಟ್ರ ಕಷ್ಟವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಅವರು ಬಯಲುಸೀಮೆಯವರು, ಪರಿಸರದ ಪಾಠವನ್ನು ತರಬೇತಿಯಲ್ಲಿ ಕಲಿತು ಬಂದವರು. ಎದುರಿಗೆ ಕೂತ ಮಗು ಪೋಡಿನಿಂದ ಬಂದದ್ದು. ಕುಸುಮಾಲೆಯನ್ನು ಮದುವೆಯಾದ ರಂಗಪ್ಪ ಆ ಮಗುವಿನ ಕುಲಕ್ಕೆ ಭಾವ. ದೊಡ್ಡಸಂಪಿಗೆ ಮರ ದೇವರು. ಪುಸ್ತಕ ‘ಕಾಡಿಗೆ ಬೆಂಕಿ ಹಾಕಬಾರದು’ ಎನ್ನುತ್ತದೆ. ಮಗುವಿನ ಅಜ್ಜನಿಗೆ ‘ತರಗು ಬೆಂಕಿ’ ಗೊತ್ತು: ಬೇಸಗೆ ಬಲಿಯುವ ಮುನ್ನ ಉದುರೆಲೆಯನ್ನಷ್ಟೇ ಮೆಲ್ಲಗೆ ಸುಡುವ ಕ್ರಮ. ಅದರಿಂದ ಲಂಟಾನ ಹಬ್ಬುತ್ತಿರಲಿಲ್ಲ, ನೆಲ್ಲಿಮರಕ್ಕೆ ಉಪ್ಪಿಲು ಎಂಬ ಬಂದಳಿಕೆ ಅಷ್ಟಾಗಿ ಹತ್ತುತ್ತಿರಲಿಲ್ಲ ಎಂದು ಸೋಲಿಗರು ಹೇಳುತ್ತಾರೆ. 1974ರಲ್ಲಿ ಕಾಡು ಅಭಯಾರಣ್ಯವಾಯಿತು. ಕಡಿದು ಸುಟ್ಟು ಬೆಳೆಯುವ ಬೇಸಾಯವೂ ನಿಂತಿತು, ತರಗು ಬೆಂಕಿಯೂ ನಿಂತಿತು. ಆಮೇಲೆ ಲಂಟಾನ ಕಾಡನ್ನೆಲ್ಲ ಮುಚ್ಚಿಕೊಂಡು ಬಂದದ್ದನ್ನು ಸಂಶೋಧಕರೂ ಬರೆದಿದ್ದಾರೆ. ಆಗ ಮೇಷ್ಟ್ರು ಹೇಳಬೇಕಾದ್ದು ಪುಸ್ತಕದ ವಾಕ್ಯವನ್ನೆ, ಅಜ್ಜನ ವಾಕ್ಯವನ್ನೆ? ಒಂದನ್ನು ಹೇಳಿದರೆ ಮಗು ಮನೆಯವರನ್ನು ಕಾಡಿನ ಶತ್ರುಗಳೆಂದು ತಿಳಿಯುತ್ತದೆ. ಇನ್ನೊಂದನ್ನಷ್ಟೇ ಹೇಳಿದರೆ ಬೇಸಗೆಯ ಕಾಳ್ಗಿಚ್ಚಿಗೂ ಒಪ್ಪಿಗೆ ಕೊಟ್ಟಂತಾದೀತು. ಎರಡು ಬೆಂಕಿಗಳ ಅಂತರವನ್ನು ಬಿಡಿಸಿ ತೋರಿಸಬಲ್ಲ ಮೇಷ್ಟ್ರು ಬೇಕು. ಅಂಥವರನ್ನು ಪಟ್ಟಣದ ಸಭಾಂಗಣದಲ್ಲಿ ಎರಡು ದಿನ ಕೂರಿಸಿ ತಯಾರಿಸುವುದಾಗದು. ಪೋಡಿನ ಹಿರಿಯನ ಹಿಂದೆ ಒಂದು ಬೇಸಗೆ ಓಡಾಡಿಸಬೇಕು.

ಕಾಯಿದೆಗಳಿಗೇನೂ ಕೊರತೆಯಿಲ್ಲ. ಎಂ. ಸಿ. ಮೆಹತಾ ಅವರ ಮೊಕದ್ದಮೆಯಲ್ಲಿ 1991ರಲ್ಲೇ ಸುಪ್ರೀಂ ಕೋರ್ಟು ಪರಿಸರದ ಪಾಠ ಕಡ್ಡಾಯವಾಗಲಿ ಎಂದಿತು. 2010ರ ಏಪ್ರಿಲಿನಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆ ಗಂಡುಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯವನ್ನೂ ಕುಡಿಯುವ ನೀರನ್ನೂ ಪ್ರತಿ ಶಾಲೆಗೂ ಗೊತ್ತುಮಾಡಿತು. ಇಷ್ಟಾಗಿಯೂ ಮಲೆ ಮಹದೇಶ್ವರನ ಬೆಟ್ಟದ ತಪ್ಪಲ ಹಳ್ಳಿಯ ಶಾಲೆಗೂ ಕೊಳ್ಳೇಗಾಲದ ಪೇಟೆಯ ಶಾಲೆಗೂ ಒಂದೇ ತರಬೇತಿ ಸಾಲದು. ಅಲ್ಲಿ ಮಗು ನಡೆದು ಬರುವ ದಾರಿಯಲ್ಲಿ ಆನೆಯಿದೆ, ಬೇಸಗೆಯಲ್ಲಿ ನೀರಿನ ಬವಣೆಯಿದೆ.

2011 ಈ ಬೆಟ್ಟಕ್ಕೆ ವಿಚಿತ್ರ ವರ್ಷ. ಆರಂಭದಲ್ಲಿ ಕಾಡು ಹುಲಿ ರಕ್ಷಿತಾರಣ್ಯವೆಂದು ಘೋಷಿತವಾಯಿತು. ಕೊನೆಯ ಹೊತ್ತಿಗೆ, ಅರಣ್ಯ ಹಕ್ಕಿನ ಕಾಯಿದೆಯ ಅಡಿಯಲ್ಲಿ, ಅದೇ ಕಾಡಿನ ಜೇನು, ನೆಲ್ಲಿ, ಪಾಚಿಗಳ ಮೇಲೆ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕು ಬಂದಿತು. ಹುಲಿ ರಕ್ಷಿತಾರಣ್ಯವೊಂದರಲ್ಲಿ ಹೀಗಾದದ್ದು ದೇಶದಲ್ಲೇ ಮೊದಲು. ಆ ವರ್ಷ ಹುಟ್ಟಿದ ಮಕ್ಕಳು ಈಗ ಪ್ರೌಢಶಾಲೆಯ ವಯಸ್ಸಿನವರು. ಅವರಲ್ಲಿ ಕೆಲವರಾದರೂ ನಾಳೆ ತರಬೇತಿಗೆ ಸೇರಿ ಮೇಷ್ಟ್ರಾಗಿ ಅದೇ ಬೆಟ್ಟಕ್ಕೆ ಹಿಂತಿರುಗಬಹುದು.