ಚೆಲುವಾಂಬ ಅರಮನೆಯ ಕಾಳಿನ ವಿಜ್ಞಾನ

2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ. ಆ ವರ್ಷ ಮೈಸೂರಿನ ನಾಲ್ಕಾರು ವೇದಿಕೆಗಳಲ್ಲಿ ಒಂದೇ ಮಾತು ಕೇಳಿದೆ: ನಮ್ಮ ವಿಜ್ಞಾನಿಗಳು ಅಕ್ಕಿ, ಗೋಧಿ ಬಿಟ್ಟು ಬೇರೇನನ್ನೂ ನೋಡಲಿಲ್ಲ, ರಾಗಿ ಈಗಷ್ಟೇ ಅವರ ಕಣ್ಣಿಗೆ ಬಿದ್ದಿದೆ. ಪ್ರತಿ ಸಲವೂ ಚಪ್ಪಾಳೆ ಬಿತ್ತು. ಪ್ರತಿ ಸಲವೂ ನನಗೆ ಸಂಕಟವಾಯಿತು. ಧಾನ್ಯಗಳ ಅಧ್ಯಯನದಲ್ಲೇ ಬದುಕು ಸವೆಸಿದ ನನಗೆ ಆ ಮಾತು ಸುಳ್ಳೆಂದು ಗೊತ್ತು. ರಾಗಿಯ ಸುಣ್ಣದಂಶದಲ್ಲಿ ಸಿಪ್ಪೆಯ ಪಾಲೆಷ್ಟು, ಒಳತಿರುಳಿನ ಪಾಲೆಷ್ಟು ಎಂದು ಪಿ.ಪಿ. ಕುರಿಯನ್, ಎಂ. ಸ್ವಾಮಿನಾಥನ್, ವಿ. ಸುಬ್ರಹ್ಮಣ್ಯನ್ ಮತ್ತು ಸಂಗಡಿಗರು ಅಳೆದು ಪ್ರಕಟಿಸಿದ್ದು 1959ರಲ್ಲಿ. ಅಳೆದದ್ದು ಇದೇ ಊರಿನಲ್ಲಿ, ಯಾದವಗಿರಿಯ ಮಗ್ಗುಲಲ್ಲಿ.

ಯಾದವಗಿರಿಗೆ ಹೊರಗಿನವರು ಬಂದರೆ ಆರ್.ಕೆ. ನಾರಾಯಣ್ ಮನೆ ಎಲ್ಲಿ ಎಂದು ಕೇಳುತ್ತಾರೆ, ಆಕಾಶವಾಣಿ ಕೇಳುತ್ತಾರೆ, ಮಕ್ಕಳಿದ್ದರೆ ರೈಲ್ವೆ ಮ್ಯೂಸಿಯಂ ಕೇಳುತ್ತಾರೆ. ಮ್ಯೂಸಿಯಂ ಎದುರಿಗೆ, ಕೆ.ಆರ್.ಎಸ್. ರಸ್ತೆಯ ಆಚೆ ಬದಿಯಲ್ಲಿ, ಮರಗಳ ನಡುವೆ ಚೆಲುವಾಂಬ ಮ್ಯಾನ್ಶನ್ ಇದೆ. ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಅರಮನೆ ಅದು. ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಊರವರ ಬಾಯಲ್ಲಿ ಸಿಎಫ್‌ಟಿಆರ್‌ಐ, 1950ರ ಅಕ್ಟೋಬರ್ 21ರಂದು ಅಲ್ಲಿ ಬಾಗಿಲು ತೆರೆಯಿತು.

ಮೊದಲ ಹದಿನೈದು ವರ್ಷಗಳ ಕಥೆ ಸಾಕಷ್ಟು ಸಲ ಹೇಳಿದ್ದಾಗಿದೆ, ಬೇಗ ದಾಟುತ್ತೇನೆ. 1943ರ ಬಂಗಾಳದ ಬರ ಇನ್ನೂ ಮರೆತಿರಲಿಲ್ಲ, ಊರೂರಲ್ಲೂ ರೇಷನ್ ಇತ್ತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಜೀವರಸಾಯನ ವಿಭಾಗದಿಂದ ಬಂದ ವೈದ್ಯನಾಥ ಸುಬ್ರಹ್ಮಣ್ಯನ್ ಮೊದಲ ನಿರ್ದೇಶಕರಾದರು. ಅಕ್ಕಿ ಸಾಲದಾದಾಗ ಏನು ತಿನ್ನುವುದು ಎಂಬುದೇ ಆಗಿನ ಪ್ರಶ್ನೆ. ಮರಗೆಣಸಿನಿಂದ ಮ್ಯಾಕರೋನಿ ಮತ್ತು ಅಕ್ಕಿಯಂಥ ಕಾಳು ಬಂದವು. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಭಾಗ, ಕಡಲೆ ಹಿಟ್ಟು ಕಾಲು ಭಾಗ ಸೇರಿಸಿ, ಜೀವಸತ್ವ ಮತ್ತು ಸುಣ್ಣದಂಶ ಬೆರೆಸಿದ ಬಹೂಪಯೋಗಿ ಆಹಾರ ಬಂತು. ಎಮ್ಮೆಯ ಹಾಲಿನಿಂದ ಹಸುಗೂಸಿನ ಆಹಾರ ಮಾಡಲಾಗದು ಎಂದು ಹೊರದೇಶದ ಪಂಡಿತರು ಹೇಳುತ್ತಿದ್ದ ಕಾಲದಲ್ಲಿ ಅದನ್ನು ಮಾಡಿ ತೋರಿಸಿದ್ದು ಇಲ್ಲಿಯವರೇ. ಆನಂದ್ ಊರಿನ ಅಮುಲ್ ಅದನ್ನು ಡಬ್ಬಿಗೆ ತುಂಬಿ ದೇಶಕ್ಕೆ ಕೊಟ್ಟಿತು. 1957ರಲ್ಲಿ ಆಹಾರ ವಿಜ್ಞಾನಿಗಳ ಸಂಘ ಇದೇ ಆವರಣದಲ್ಲಿ ಹುಟ್ಟಿತು. 1961ರಲ್ಲಿ ಸೈನ್ಯದ ಊಟಕ್ಕೆಂದೇ ರಕ್ಷಣಾ ಆಹಾರ ಸಂಶೋಧನಾಲಯ ಸಿದ್ಧಾರ್ಥನಗರದಲ್ಲಿ ಶುರುವಾಯಿತು. ಮುಂದೆ 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೊರಟಾಗ ಅಲ್ಲಿಯ ತಿನಿಸು ಜೊತೆಗೆ ಹೋಯಿತು. 1964ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ನೆರವಿನಿಂದ ಸಿಎಫ್‌ಟಿಆರ್‌ಐಗೆ ತರಬೇತಿ ಕೇಂದ್ರ ಬಂದು, ಏಷ್ಯಾ, ಆಫ್ರಿಕಾದ ವಿದ್ಯಾರ್ಥಿಗಳು ಮೈಸೂರಿಗೆ ಬರತೊಡಗಿದರು.

ಸಿಎಫ್‌ಟಿಆರ್‌ಐ ಎಂದರೆ ಜನ ನೆನೆಯುವುದು ಆ ಹಾಲುಪುಡಿಯ ಡಬ್ಬಿಯನ್ನು. ನೆನೆಯಲಿ, ಅದು ದೊಡ್ಡ ಸಾಧನೆಯೇ. ಆದರೆ ಒಂದು ಸಂಸ್ಥೆ ಏನೇನು ಮಾಡಿ ಮಾರಿತು ಎಂಬ ಪಟ್ಟಿಯಿಂದ ಅದು ಹೇಗೆ ಯೋಚಿಸುತ್ತಿತ್ತು ಎಂಬುದು ತಿಳಿಯುವುದಿಲ್ಲ. ಅದನ್ನು ತಿಳಿಯಬೇಕಾದರೆ ಧಾನ್ಯ ವಿಭಾಗಕ್ಕೆ ಹೋಗಬೇಕು.

ಕುಸುಬಲಕ್ಕಿಯಿಂದ ಶುರುಮಾಡೋಣ, ಕರಾವಳಿಯವರು ಕುಚ್ಚಲಕ್ಕಿ ಅನ್ನುತ್ತಾರೆ. ಭತ್ತವನ್ನು ತೊಟ್ಟಿಯ ತಣ್ಣೀರಿನಲ್ಲಿ ಎರಡು ಮೂರು ದಿನ ನೆನೆಹಾಕಿ, ಹಬೆಯಲ್ಲಿ ಬೇಯಿಸಿ, ಬಿಸಿಲಿಗೆ ಹರವುವುದು ಹಳೆಯ ಪದ್ಧತಿ. ಅಷ್ಟು ದಿನ ನೀರಿನಲ್ಲಿದ್ದರೆ ಭತ್ತ ಹುಳಿಯುತ್ತದೆ. ಆ ವಾಸನೆ ಅನ್ನದಲ್ಲೂ ಉಳಿಯುತ್ತದೆ. ನೀರನ್ನು 70 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟರೆ ಮೂರು ನಾಲ್ಕು ಗಂಟೆಯಲ್ಲೇ ಕಾಳು ಬೇಕಾದಷ್ಟು ನೀರು ಕುಡಿಯುತ್ತದೆ, ಹುಳಿಯಲು ಸಮಯವೇ ಸಿಗುವುದಿಲ್ಲ ಎಂದು ಇಲ್ಲಿ ತೋರಿಸಿದರು. ಬಿಸಿನೀರಿನ ಈ ಕ್ರಮ ದೇಶದ ಅನೇಕ ಗಿರಣಿಗಳಿಗೆ ಹೋಯಿತು.

ಆದರೆ ಬೆಂದ ಭತ್ತ ಒಣಗಿದ ಮೇಲೆ ಗಿರಣಿಯಲ್ಲಿ ನುಚ್ಚಾಗುತ್ತಿತ್ತು. ಯಾಕೆ? ಈ ಪ್ರಶ್ನೆಯನ್ನು ಹಿಡಿದವರು ಕೆ.ಆರ್. ಭಟ್ಟಾಚಾರ್ಯ. ವೈ.ಎಂ. ಇಂದೂಧರಸ್ವಾಮಿ ಅವರೊಂದಿಗೆ 1967ರಲ್ಲಿ ಪ್ರಕಟಿಸಿದ ಅವರ ಕೆಲಸವನ್ನು ನಾನು ಈಗಲೂ ಹುಡುಗರಿಗೆ ಓದಿಸುತ್ತೇನೆ. ಭತ್ತದ ತೇವ ಶೇ 16ರಷ್ಟಕ್ಕೆ ಇಳಿಯುವವರೆಗೆ ಎಷ್ಟೇ ಜೋರಾಗಿ ಒಣಗಿಸಿದರೂ ಕಾಳಿಗೆ ಏನೂ ಆಗುವುದಿಲ್ಲ. ಅದಕ್ಕಿಂತ ಕೆಳಗೆ ಒಂದೇ ಓಟದಲ್ಲಿ ಒಣಗಿಸಿದರೆ ಕಾಳು ಸೀಳುತ್ತದೆ. ಸೀಳುವುದು ಒಣಗಿಸುತ್ತಿರುವಾಗಲ್ಲ, ಒಣಗಿಸಿ ತೆಗೆದಿಟ್ಟ ಮೇಲೆ, ನಮ್ಮ ಕಣ್ಣೆದುರೇ, ಒಂದೆರಡು ಗಂಟೆಯಲ್ಲಿ. ಹಾಗಾಗಿ ಶೇ 16ಕ್ಕೆ ಬಂದಾಗ ನಿಲ್ಲಿಸಿ, ರಾಶಿಯನ್ನು ಹಾಗೇ ಬಿಟ್ಟು, ಕಾಳಿನ ನಡುವಿನ ತೇವ ಅಂಚಿಗೆ ಬರಲು ಅವಕಾಶ ಕೊಟ್ಟು, ಆಮೇಲೆ ಎರಡನೆಯ ಸಲ ಒಣಗಿಸಬೇಕು. ಇಷ್ಟೇ. ಇದಕ್ಕೆ ಹೊಸ ಯಂತ್ರ ಬೇಡ, ಮದ್ದು ಬೇಡ. ಯಾವಾಗ ನಿಲ್ಲಿಸಬೇಕು ಎಂಬ ತಿಳಿವಳಿಕೆ ಇದ್ದರೆ ಸಾಕು.

ಇಂಥ ತಿಳಿವಳಿಕೆ ಹುಟ್ಟುವ ಬಗೆಯನ್ನು ಹೊರಗಿನವರು ಕಂಡಿರುವುದಿಲ್ಲ. ಗಾಜಿನ ಹಲಗೆ, ಅದರ ಕೆಳಗೆ ದೀಪ, ಮೇಲೆ ನೂರು ಕಾಳು. ಬೆಳಕು ಹಾಯ್ದಾಗ ಸೀಳಿದ ಕಾಳಿನಲ್ಲಿ ಅಡ್ಡಗೆರೆ ಕಾಣುತ್ತದೆ. ಒಂದೊಂದನ್ನೇ ಚಿಮಟದಿಂದ ಬದಿಗೆ ಸರಿಸಿ ಎಣಿಸಬೇಕು. ಆಮೇಲೆ ಮತ್ತೆ ನೂರು. ಅರ್ಧ ಗಂಟೆ ಬಿಟ್ಟು ಅದೇ ರಾಶಿಯಿಂದ ಮತ್ತೆ ನೂರು. ಪಕ್ಕದಲ್ಲಿ ಅಲ್ಯೂಮಿನಿಯಂ ಬಟ್ಟಲುಗಳು 105 ಡಿಗ್ರಿಯ ಓವನ್ನಿಗೆ ಹೋಗಿ ಬರುತ್ತಿರುತ್ತವೆ, ತೂಕದ ಅಂಕಿಗಳು ಪೆನ್ಸಿಲಿನಲ್ಲಿ ನೋಟ್‌ಬುಕ್ ಸೇರುತ್ತವೆ. ನಾನು ಈ ಕ್ಷೇತ್ರಕ್ಕೆ ಕಾಲಿಟ್ಟ ಮೊದಲ ತಿಂಗಳು ಮಾಡಿದ್ದು ಈ ಎಣಿಕೆಯನ್ನೇ. ಬೇಸರವಾಯಿತೆಂದಾಗ ಹಿರಿಯರೊಬ್ಬರು, ‘ಕಾಳಿನ ಹತ್ತಿರ ಕೂತ್ಕೋಳಪ್ಪ, ಅದೇ ಹೇಳುತ್ತೆ’ ಎಂದಿದ್ದರು.

ಭಟ್ಟಾಚಾರ್ಯರ ಗುಂಪಿನ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಒಂದು ಅಕ್ಕಿಯ ಅನ್ನ ಉದುರಾಗಿ, ಇನ್ನೊಂದರದು ಅಂಟಾಗಿ ಯಾಕೆ ಆಗುತ್ತದೆ ಎಂದು ತಿಳಿಯಲು ಪಿಷ್ಟದಲ್ಲಿರುವ ಅಮೈಲೋಸ್ ಅಳೆಯಬೇಕು; ಅದನ್ನು ಸುಲಭವಾಗಿ ಅಳೆಯುವ ವಿಧಾನವನ್ನು ಸಿ.ಎಂ. ಸೌಭಾಗ್ಯ ಮತ್ತು ಭಟ್ಟಾಚಾರ್ಯ 1971ರಲ್ಲಿ ಕೊಟ್ಟರು. ನಮ್ಮ ಜಾತ್ರೆಯ ಪುರಿಯೂ ಅವರ ಮೇಜಿಗೆ ಬಂತು. ಚೆನ್ನಾಗಿ ಬೆಂದ ಭತ್ತದ ಅಕ್ಕಿ, ಒಂದಿಷ್ಟು ಉಪ್ಪು, ಶೇ 11ರ ಆಸುಪಾಸಿನ ತೇವ, 250 ಡಿಗ್ರಿಯಷ್ಟು ಕಾದ ಮರಳು: ಇವು ಕೂಡಿದಾಗ ಅಕ್ಕಿ ಹೆಚ್ಚು ಅರಳುತ್ತದೆ ಎಂದು ಆರ್. ಚಿನ್ನಸ್ವಾಮಿ ಮತ್ತು ಭಟ್ಟಾಚಾರ್ಯ 1980ರ ದಶಕದಲ್ಲಿ ತೋರಿಸಿದರು. ಪುರಿಭಟ್ಟಿಯವರ ಕೈಗೆ ತಲೆಮಾರುಗಳಿಂದ ಗೊತ್ತಿದ್ದದ್ದು ಹೀಗೆ ಅಂಕಿಗೆ ಇಳಿಯಿತು. ಇದರಿಂದ ಪುರಿಭಟ್ಟಿಯವರ ತಿಳಿವಿನ ಮರ್ಯಾದೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಇನ್ನೊಂದು ಕವಲು ಎಚ್.ಎಸ್.ಆರ್. ದೇಶಿಕಾಚಾರ್ ಅವರದು. ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ಹೆಸರು ಅವರೇ, ಈ ಪಕ್ಷಪಾತವನ್ನು ಮುಚ್ಚಿಡುವುದಿಲ್ಲ. ತೊಗರಿಯ ಸಿಪ್ಪೆ ಬಿಡಿಸಲು ಎಣ್ಣೆ ಸವರಿ, ನೀರು ಚಿಮುಕಿಸಿ, ದಿನಗಟ್ಟಲೆ ಬಿಸಿಲಿಗೆ ಹಾಕಬೇಕಿತ್ತು. ಮೋಡ ಕವಿದರೆ ಮಿಲ್ಲು ನಿಲ್ಲುತ್ತಿತ್ತು. ಸಿಪ್ಪೆಯನ್ನು ಬೇಳೆಗೆ ಹಿಡಿದಿಟ್ಟಿರುವ ಅಂಟನ್ನು ಬಿಸಿಗಾಳಿಯಿಂದ ಸಡಿಲಿಸುವ ಕ್ರಮವನ್ನು ದೇಶಿಕಾಚಾರ್, ಕುರಿಯನ್ ಮೊದಲಾದವರು ರೂಪಿಸಿದ ಮೇಲೆ ಬಿಸಿಲಿಗೆ ಕಾಯುವ ಅಗತ್ಯ ತಪ್ಪಿತು, ಬೇಳೆಯೂ ಹೆಚ್ಚು ಸಿಕ್ಕಿತು.

ದೇಶಿಕಾಚಾರ್ ಅವರ ಮನಸ್ಸು ಎಲ್ಲಿತ್ತು ಎಂಬುದು ಗೊತ್ತಾಗುವುದು ಕೂಸಿನ ಗಂಜಿಯ ವಿಚಾರದಲ್ಲಿ. ಗಂಜಿ ಗಟ್ಟಿಯಾದರೆ ಮಗು ನುಂಗುವುದಿಲ್ಲ. ನೀರು ಮಾಡಿದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಮಗುವಿನ ಹೊಟ್ಟೆ ಎಷ್ಟು ದೊಡ್ಡದು? ಈ ಗಂಟನ್ನು ಬಿಡಿಸಲು ಅವರು ಹೋದದ್ದು ನಮ್ಮ ಅಜ್ಜಿಯರ ಮೊಳಕೆ ರಾಗಿಯ ಹಿಟ್ಟಿಗೆ. ರಾಗಿ ಮೊಳೆತಾಗ ಅದರಲ್ಲಿ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಗಂಜಿ ತೆಳ್ಳಗಾಗುತ್ತದೆ, ಹಿಟ್ಟಿನ ಪ್ರಮಾಣ ಮಾತ್ರ ಅಷ್ಟೇ ಇರುತ್ತದೆ. 1980ರಲ್ಲಿ ಅವರು ಪ್ರಕಟಿಸಿದ ಈ ವಿಚಾರವನ್ನು ಅವರ ಜೊತೆ ದುಡಿದ ಎನ್.ಜಿ. ಮಲ್ಲೇಶಿ ಮುಂದೆ ಒಯ್ದರು.

ಮಲ್ಲೇಶಿಯವರಿಂದಲೇ ರಾಗಿಯ ಹಳೆಯ ಹಟವೂ ಮುರಿಯಿತು. ಅಕ್ಕಿಯಂತೆ ರಾಗಿಯ ಸಿಪ್ಪೆ ತೆಗೆದು ಇಡೀ ಕಾಳನ್ನು ಅನ್ನದ ಹಾಗೆ ಬೇಯಿಸಲು ಬರುತ್ತಿರಲಿಲ್ಲ. ಸಿಪ್ಪೆ ಬಿಗಿ, ಒಳತಿರುಳು ಮೆದು. ಉಜ್ಜಿದರೆ ಸಿಪ್ಪೆಗಿಂತ ಮೊದಲು ತಿರುಳೇ ಪುಡಿಯಾಗುತ್ತದೆ. ಅದಕ್ಕೇ ನಮ್ಮ ಹಿರಿಯರು ರಾಗಿಯನ್ನು ಬೀಸಿದರು, ಮುದ್ದೆ ಮಾಡಿದರು, ಅಂಬಲಿ ಕುಡಿದರು. ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿದರೆ ತಿರುಳು ಗಟ್ಟಿಯಾಗುತ್ತದೆ, ಆಗ ಸಿಪ್ಪೆ ತೆಗೆಯಬಹುದು ಎಂಬುದು ಮಲ್ಲೇಶಿಯವರು ಕಂಡುಕೊಂಡ ದಾರಿ. ಭತ್ತದಲ್ಲಿ ಕಲಿತ ಪಾಠ ರಾಗಿಗೆ ಬಂತು. ಹಾಗೆ ಸಿಪ್ಪೆ ತೆಗೆದ ರಾಗಿ ಐದೇ ನಿಮಿಷದಲ್ಲಿ ಬಿಡಿಬಿಡಿಯಾಗಿ ಬೇಯುತ್ತದೆ.

ಆದರೆ 1959ರ ಆ ಅಳತೆಯನ್ನು ಇಲ್ಲಿ ನೆನೆಯಲೇಬೇಕು. ರಾಗಿಯ ಸುಣ್ಣದಂಶದಲ್ಲಿ ಸುಮಾರು ಅರ್ಧ ಇರುವುದು ಸಿಪ್ಪೆಯಲ್ಲಿ. ನೂರು ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿ, ಒಳಗೆ ಸಿಪ್ಪೆ ತೆಗೆದದ್ದನ್ನು ತುಂಬಿದರೆ ಅದು ಮೋಸ. ನವಣೆ, ಸಾಮೆಗಳ ತೌಡನ್ನೆಲ್ಲ ಉಜ್ಜಿ ಬೆಳ್ಳಗೆ ಮಾಡಿ, ಸರ್ವರೋಗಕ್ಕೂ ಮದ್ದೆಂದು ಮಾರುವವರಿಗೂ ಇದೇ ಮಾತು. ಇನ್ನು ಯಂತ್ರ ಮುಟ್ಟಿದ್ದೆಲ್ಲ ವಿಷ ಎನ್ನುವವರು ಬೀಸುವ ಕಲ್ಲಿನ ಮುಂದೆ ಬೆಳಗಿನ ಜಾವ ಕೂತಿದ್ದ ಹೆಂಗಸರನ್ನು ಮರೆತಿದ್ದಾರೆ. ಯಾವ ಕಾಳಿನಿಂದ ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೇ ಈ ವಿಜ್ಞಾನದ ತಿರುಳು.

ಉಳಿದ ಶಾಖೆಗಳಿಗೆ ಇಲ್ಲಿ ನ್ಯಾಯ ಸಲ್ಲಿಸಲಾರೆ. ಎಸ್.ಕೆ. ಮಜುಂದಾರ್ ಉಗ್ರಾಣದ ಹುಳುಗಳ ಮೇಲೆ ಯುದ್ಧವನ್ನೇ ಸಾರಿದರು. ಮೆಣಸು, ಶುಂಠಿ, ಮೆಣಸಿನಕಾಯಿ ಬಗ್ಗೆ ವಿ.ಎಸ್. ಗೋವಿಂದರಾಜನ್ ಬರೆದ ಸಮೀಕ್ಷೆಗಳನ್ನು ಜಗತ್ತಿನ ಸಾಂಬಾರ ವಿಜ್ಞಾನಿಗಳೆಲ್ಲ ಓದಿದರು. ಅರಿಸಿನ, ಮೆಂತ್ಯ ದೇಹದೊಳಗೆ ಏನು ಮಾಡುತ್ತವೆಂದು ಕೆ. ಶ್ರೀನಿವಾಸನ್ ದಶಕಗಳ ಕಾಲ ಹುಡುಕಿದರು. ಜರ್ಮನಿಯ ನೆರವಿನಿಂದ ಎಲ್.ವಿ. ವೆಂಕಟರಾಮನ್ ಪಾಚಿ ಬೆಳೆಸಿದರು, ಸ್ಪಿರುಲಿನಾ ಚಿಕ್ಕಿಯ ಬೇರು ಅಲ್ಲಿದೆ. ಜಿ.ಎ. ರವಿಶಂಕರ್ ಅವರ ಕಾಲದಲ್ಲಿ ಸಸ್ಯಕೋಶ ಕೃಷಿ ಹೆಸರು ಮಾಡಿತು. 2018ರ ಕೊಡಗಿನ ನೆರೆಯಲ್ಲಿ ಇಲ್ಲಿಯ ಊಟದ ಪೊಟ್ಟಣಗಳು ಹೋದವು, 2020ರಲ್ಲಿ ಕೊರೊನಾ ರೋಗಿಗಳಿಗೆ ಪ್ರೋಟೀನ್ ಬಿಸ್ಕತ್ತು ಹೋಯಿತು.

1990ರ ಈಚೆಗೆ ಇಡೀ ಕ್ಷೇತ್ರದ ಒಲವು ಕಾಳಿನಿಂದ ಕಣಕ್ಕೆ, ಕಣದಿಂದ ವಂಶವಾಹಿಗೆ ಸರಿಯಿತು. ಸರಿಯಲೇಬೇಕಿತ್ತು. ಆದರೆ ಪ್ರಬಂಧ ಯಾವ ನಿಯತಕಾಲಿಕದಲ್ಲಿ ಬಂತು ಎಂಬುದರ ಮೇಲೆ ವಿಜ್ಞಾನಿಯ ಬಡ್ತಿ ನಿಂತ ಮೇಲೆ, ನುಚ್ಚು ಎಣಿಸುತ್ತ ಕೂರುವ ತಾಳ್ಮೆ ಯಾರಿಗೆ ಬರಬೇಕು? ಭತ್ತಕ್ಕೆ, ತೊಗರಿಗೆ ಸಿಕ್ಕಷ್ಟು ಗಮನ ಹಾರಕಕ್ಕೆ, ಊದಲಿಗೆ ಸಿಗಲಿಲ್ಲ. ಸಿರಿಧಾನ್ಯದ ಸಭೆಗಳಲ್ಲಿ ಕೇಳಬೇಕಾದ ದೂರು ಇದು, ರಾಗಿಯದಲ್ಲ. ಇನ್ನೊಂದು ಕೊರತೆ: ಪ್ರಬಂಧಗಳ ಮೇಲೆ ವಿಜ್ಞಾನಿಗಳ ಹೆಸರಿದೆ. ಪೈಲಟ್ ಪ್ಲಾಂಟಿನಲ್ಲಿ ಹಬೆಯ ಕೀಲಿ ತಿರುಗಿಸಿದವರದು, ಜರಡಿ ಬದಲಿಸಿದವರದು, ಕೆಂಪು ದೀಪದ ಗೂಡಿನಲ್ಲಿ ಕೂತು ದಿನವೂ ಹತ್ತು ಬಗೆಯ ಅನ್ನದ ರುಚಿ ನೋಡಿ ಅಂಕ ಕೊಟ್ಟವರದು ಎಲ್ಲಿಯೂ ಇಲ್ಲ.

ಅವರು ಬರೆದಿಟ್ಟದ್ದು ಇನ್ನೂ ಇದೆ ಎಂದು ನಂಬಿದ್ದೇನೆ. ಯಾದವಗಿರಿ, ಗೋಕುಲಂ, ಜಯಲಕ್ಷ್ಮೀಪುರಂ, ಒಂಟಿಕೊಪ್ಪಲಿನ ಎಷ್ಟೋ ಮನೆಗಳ ಅಟ್ಟದಲ್ಲಿ, ನಿವೃತ್ತರಾದವರ ಟ್ರಂಕುಗಳಲ್ಲಿ, ಕಂದು ರಟ್ಟಿನ ನೋಟ್‌ಬುಕ್ಕುಗಳಿವೆ. ಪೆನ್ಸಿಲಿನ ಅಂಕಿಗಳಿವೆ, ಅಂಚಿನಲ್ಲಿ ಕನ್ನಡದ ಟಿಪ್ಪಣಿಗಳಿವೆ. ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಹಳೇ ಪೇಪರಿನವರಿಗೆ ಹಾಕಬೇಡಿ. ಒಮ್ಮೆ ಬಿಡಿಸಿ ನೋಡಿ, ಬರೆದವರ ಹೆಸರು, ಕಾಳಿನ ಹೆಸರು, ತಾರೀಖು ಇವೆಯೇ ಎಂದು ಗಮನಿಸಿ, ಒಂದು ಗ್ರಂಥಾಲಯಕ್ಕೆ ಒಪ್ಪಿಸಿ.